ಕಾಕಾ ಟ್ರಕ್ಕನ್ನು ಎತ್ತರಿಸಿದ್ದು

ನಾನು ನಿಂತದ್ದು ಟ್ರಕ್ಕಿನ ಎಡಗಡೆಯ ಫುಟ್‌ಬೋರ್ಡಿನ ಮೇಲೆ, ಬಲಗೈಯಲ್ಲಿ ಕಿಟಕಿಯ ಚೌಕಟ್ಟು ಹಿಡಿದು. ಜಾಗ ಗೋರೆಗಾಂವಿನ ಒಂದು ಗಲ್ಲಿಯ ಬಾಯಿ. ಹೊತ್ತು 1970ರ ಶ್ರಾವಣದ ಒಂದು ಸಂಜೆ. ಮಳೆ ಸುರಿಯುತ್ತಿತ್ತು, ಆದರೆ ಬೆಳಕಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಮ್ಮ ಕಾಕಾನ ವಿಷಯ ಎತ್ತಿದರೆ ಕೇಳುವವರು ನನ್ನ ಮುಖ ನೋಡುತ್ತಾರೆ, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮಗಳ ಮದುವೆಗೆ ಬಂಗಾರ ಮಾಡಿಸುವವರನ್ನು ನೀವು ಕಂಡಿದ್ದೀರಿ, ಪಾತ್ರೆ ಕೊಳ್ಳುವವರನ್ನು ಕಂಡಿದ್ದೀರಿ. ಮಗಳ ಮದುವೆಗೆಂದು ಟ್ರಕ್ಕನ್ನು ಎತ್ತರ ಮಾಡಿಸಿದವನನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವನ ಮನೆಯಲ್ಲೇ ಉಂಡಿದ್ದೇನೆ!

ಕಾಕಾ ಧಾರವಾಡದ ಕಡೆಯವನು. ಬೈಕುಲ್ಲಾದ ಮಾರ್ಕೆಟ್ಟಿನಿಂದ ಫೋರ್ಟಿನ ಉಡುಪಿ ಹೋಟೆಲುಗಳಿಗೆ ಈರುಳ್ಳಿ, ಬಟಾಟೆ ಸಾಗಿಸುತ್ತಿದ್ದ. ಅದಕ್ಕೊಂದು ಪಿಕಪ್ ಟ್ರಕ್ಕು. ಯುದ್ಧದ ಕಾಲದ್ದು, ಮಿಲಿಟರಿಯವರು ಸಾಕಾಗಿ ಹರಾಜಿಗೆ ಹಾಕಿದ್ದು. ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಕಾರಕೂನ. ಬೈಕುಲ್ಲಾದ ಚಾಳಿನಲ್ಲಿ ಕಾಕಾನ ಖೋಲಿಯಲ್ಲೇ ನನಗೂ ಒಂದು ಮೂಲೆ. ಕಾಕಾ, ಕಾಕು, ಅವರ ಒಬ್ಬಳೇ ಮಗಳು ಸುಮಿ, ಮತ್ತು ನಾನು. ಟ್ರಕ್ಕನ್ನು ಸೇರಿಸಿದರೆ ಐದು ಜನ.

ಸುಮಿಗೆ ಗೋರೆಗಾಂವಿನ ಹುಡುಗ ಗೊತ್ತಾದ. ಯುಗಾದಿ ಮುಗಿದ ಮೇಲೆ ನಿಶ್ಚಯಕ್ಕೆಂದು ಅವರ ಮನೆಗೆ ಹೋದೆವು. ಹಿರಿಯ ಸೊಸೆ ರತ್ನಾ ಚಹಾ ತಂದುಕೊಟ್ಟಳು. ಆಗ ನಮ್ಮ ಬೀಗತಿ ಒಂದು ಗುಟುಕು ಕುಡಿದು, ಎಲ್ಲರಿಗೂ ಕೇಳುವಂತೆ ಅಂದರು:

“ಇಕಿ ನೀರಾಗಿಂದ ಬಂದಾಕಿರೀ. ಅದಕ್ಕ ಇಕಿ ಮಾಡಿದ ಚಹಾನೂ ನೀರ ಆಗ್ತದ!”

ಮಾತಿನ ಅರ್ಥವನ್ನೂ ಅವರೇ ಬಿಡಿಸಿ ಹೇಳಿದರು. ರತ್ನಾಳ ಮದುವೆಯಾದ ದಿನ ಹಳಿಗಳ ಮೇಲೆ ನೀರು ಬಂದು ಲೋಕಲ್ ಅಂಧೇರಿಯಲ್ಲೇ ನಿಂತಿತ್ತಂತೆ. ಮದುಮಗಳು ಮೊಳಕಾಲುದ್ದ ಕೊಳಚೆಯಲ್ಲಿ ನಡೆದು ಗಂಡನ ಮನೆ ಸೇರಿದಳು. ಕೆಸರುಗಾಲಲ್ಲಿ ಹೊಸ್ತಿಲು ದಾಟಿದಳು. ಅಂದಿನಿಂದ ಆ ಮನೆಯಲ್ಲಿ ಹಾಲು ಒಡೆದರೆ, ಮಾವನಿಗೆ ಕೆಮ್ಮು ಬಂದರೆ, ನಲ್ಲಿ ನಿಂತರೆ, ಕಾರಣ ಒಂದೇ: ನೀರಾಗಿಂದ ಬಂದಾಕಿ. ಎಲ್ಲರೂ ನಕ್ಕರು. ರತ್ನಾ ತಾನೂ ನಕ್ಕಳು. ಕಾಕಾ ನಗಲಿಲ್ಲ. ನಮ್ಮ ಸುಮಿಯ ಮದುವೆಯೂ ಮಳೆಗಾಲದಲ್ಲೇ, ಶ್ರಾವಣದಲ್ಲೇ ಗೊತ್ತಾಗಿತ್ತು.

ಹಿಂದಿರುಗುವಾಗ ಲೋಕಲಿನಲ್ಲಿ ಕಾಕಾ ದಾದರ ಬರುವತನಕ ಕಿಟಕಿಯಾಚೆ ಹಳಿಗಳನ್ನೇ ನೋಡುತ್ತಿದ್ದ. ಆಮೇಲೆ ನನ್ನ ಭುಜ ತಟ್ಟಿ, “ತಮ್ಮಾ, ಟ್ರಕ್ ಏರಸಬೇಕು” ಅಂದ.

“ಎಲ್ಲಿಗೆ ಕಾಕಾ?”

“ಮ್ಯಾಲೆ! ನೆಲದಿಂದ ಮ್ಯಾಲೆ. ನನ್ನ ಮಗಳು ಒಣಾ ಕಾಲಿಲೆ ಆ ಹೊಸ್ತಲಾ ದಾಟಬೇಕು. ಟ್ಯಾಕ್ಸಿ ಹೊಟ್ಟಿ ನೆಲಕ್ಕ ಹತ್ತೇದ, ಅದಕ್ಕಿಂತ ಬಾತುಕೋಳಿ ಚಲೋ. ಲೋಕಲಿನ ಮಾತಂತೂ ಈಗ ಕೇಳೀದಿ.”

ಎತ್ತರಿಸುವುದು ಸರಿ, ಎಷ್ಟು ಎತ್ತರ? ಇದಕ್ಕೆ ಕಾಕಾ ಕಂಡುಕೊಂಡ ಉಪಾಯ ಜಗತ್ತಿನ ಯಾವ ಎಂಜಿನಿಯರನಿಗೂ ಹೊಳೆದಿರಲಿಕ್ಕಿಲ್ಲ. ಮೊದಲ ಮಳೆಗಳು ಬಿದ್ದದ್ದೇ ತಡ, ಒಗೆದ ಬಿಳಿ ಧೋತ್ರ ಉಟ್ಟು, ಕೊಡೆ ಹಿಡಿದು ಪರೇಲಿಗೆ ಹೋದ. ನೀರು ನಿಂತ ರಸ್ತೆಯ ನಟ್ಟನಡುವೆ ನೆಟ್ಟ ಕಂಬದ ಹಾಗೆ ನಿಂತ. ದಾರಿಹೋಕನೊಬ್ಬ ಪಾಪ, “ಕ್ಯಾ ಗಿರಾ ಚಾಚಾ?”, ಏನು ಬಿತ್ತು ಎಂದು ಕೇಳಿದ. “ಗಿರಾ ಕುಛ ನಹೀ. ಪಾನೀ ಕಿತನಾ ಚಢತಾ ಹೈ, ದೇಖತಾ ಹೂಂ” ಅಂದ ಕಾಕಾ. ಬಿದ್ದದ್ದೇನೂ ಇಲ್ಲ, ನೀರು ಎಷ್ಟು ಏರುತ್ತದೆ ನೋಡುತ್ತಿದ್ದೇನೆ ಎಂದು! ಆ ಮನುಷ್ಯ ಎರಡು ಹೆಜ್ಜೆ ದೂರ ಸರಿದು ನಡೆದ. ದೂರ ಸರಿದದ್ದನ್ನು ನಾನೇ ನೋಡಿದ್ದೇನೆ.

ನೀರು ಧೋತ್ರದ ಮೇಲೆ ಕೆಸರಿನ ಗೆರೆ ಮೂಡಿಸಿತು. ಅದು ಪರೇಲಿನ ಗೆರೆ. ಇನ್ನೊಂದು ಮಳೆಗೆ ದಾದರದ ಗೆರೆ, ಮತ್ತೊಂದಕ್ಕೆ ಅಂಧೇರಿಯದು. ಧೋತ್ರವನ್ನು ತೊಳೆಯಕೂಡದೆಂದು ಕಾಕುಗೆ ಕಟ್ಟಪ್ಪಣೆಯಾಯಿತು. ಅದು ಖೋಲಿಯ ನಡುಹಗ್ಗದ ಮೇಲೆ ತೂಗಾಡತೊಡಗಿತು.

“ಮಂದಿ ಮನ್ಯಾಗ ಗ್ವಾಡೀಗೆ ಗಡಿಯಾರ ತೂಗ ಹಾಕ್ತಾರ. ನಮ್ಮನ್ಯಾಗ ಹೊಲಸ ಧೋತ್ರ!” ಕಾಕು ಕಿಡಿಕಾರಿದರು. “ಹುಡುಗಿ ಕೈಗೆ ಬಂಗಾರದ ಬಿಲ್ವಾರ ಮಾಡಸ್ರೀ ಅಂದ್ರ ಇವರು ಗಾಡೀಗೆ ಮಾಡಸ್ಲಿಕ್ಕೆ ಹೊಂಟಾರ!”

“ಬಿಲ್ವಾರ ಹಾಕ್ಕೊಂಡ ನೀರಾಗ ನಡದ್ರ ಏನ ಬಂತs? ಬಿಲ್ವಾರಕ್ಕೂ ಕೆಸರು.”

ಆ ಧೋತ್ರವನ್ನು ಮಡಚಿ ಬಗಲಲ್ಲಿಟ್ಟುಕೊಂಡು ಕಾಕಾ ಬೈಕುಲ್ಲಾದ ಗ್ಯಾರೇಜಿಗೆ ಹೋದ. ಅಲ್ಲಿನ ಉಸ್ತಾದನ ಬಾಯಲ್ಲಿ ಇದ್ದದ್ದು ಒಂದೇ ಮಾತು: “ಹೋ ಜಾಯೇಗಾ ಸೇಠ್”, ಆಗಿಬಿಡುತ್ತದೆ ಎಂದು. ಗಾಡಿಗೆ ರೆಕ್ಕೆ ಕಟ್ಟು ಅಂದರೂ ಹೋ ಜಾಯೇಗಾ. ಕಾಕಾ ಟ್ರಕ್ಕಿನ ಪಕ್ಕದಲ್ಲಿ ಧೋತ್ರ ಹಿಡಿದು ನಿಂತು, ಫ್ಯಾನು ಎಲ್ಲಿದೆ, ಅದು ನೀರು ಎರಚಿದರೆ ತೊಯ್ದು ಎಂಜಿನ್ ನಿಲ್ಲಿಸುವ ವಯರುಗಳೆಲ್ಲಿವೆ ಎಂದು ತೋರಿಸಿ, “ಇವೆಲ್ಲ ಅಂಧೇರೀಕೇ ಗೆರೆ ಕೇ ಊಪರ್ ಮಂಗತಾ” ಅಂದ, ಅಂಧೇರಿಯ ಗೆರೆಗಿಂತ ಮೇಲಿರಬೇಕೆಂದು. ಉಸ್ತಾದ ಧೋತ್ರವನ್ನು ನೋಡಿದ, ಕಾಕಾನನ್ನು ನೋಡಿದ. ಜನ್ಮದಲ್ಲಿ ಮೊದಲ ಸಲ ಅವನು ಹೋ ಜಾಯೇಗಾ ಅನ್ನಲು ತಡಮಾಡಿದ.

ಟ್ರಕ್ಕಿನ ಹೊಟ್ಟೆಯ ಕೆಳಗೆ ಒಂದರ ಮೇಲೊಂದು ಪೇರಿಸಿ ಬಿಗಿದ ಉಕ್ಕಿನ ಬಾಗು ಪಟ್ಟಿಗಳಿರುತ್ತವೆ, ಗ್ಯಾರೇಜಿನವರು ಪಾಟಾ ಎನ್ನುತ್ತಾರೆ. ಮೊದಲು ಅವನ್ನು ಹೆಚ್ಚಿಸಿದರು. ಟ್ರಕ್ಕು ಏರಿತು, ನಿಜ. ಆದರೆ ಅದರ ಮೈ ಕಲ್ಲಾಯಿತು. ರಸ್ತೆಯಲ್ಲಿ ಬೀಡಿಯ ತುಂಡಿನ ಮೇಲೆ ಹಾದರೂ ನಮ್ಮ ತಲೆ ತಗಡಿಗೆ ಬಡಿಯುತ್ತಿತ್ತು. ಫೋರ್ಟಿನ ಹೋಟೆಲಿನವರೊಬ್ಬರಿಗೆಂದು ಕಾಕು ಒಂದು ಡಬ್ಬಿ ಮೊಸರು ಕಳಿಸಿದ್ದರು. ಮುಟ್ಟಿಸಿ ಮುಚ್ಚಳ ತೆಗೆದಾಗ ಮೇಲೆ ಬೆಣ್ಣೆ ತೇಲುತ್ತಿತ್ತು! ಆ ವಾರವೆಲ್ಲ ಚಾಳಿನ ಹೆಂಗಸರು ಕೆನೆಯ ಡಬ್ಬಿ ಹಿಡಿದು ಟ್ರಕ್ಕಿನ ಮುಂದೆ ಪಾಳಿ ಹಚ್ಚಿದರು. ಕಾಕಾನಿಗೆ ಮಾತ್ರ ಚಿಂತೆ. “ಮದುಮಗಳನ್ನ ಕೂಡಿಸಿಕೊಂಡು ಹೋಗೂದದ, ಮಜ್ಜಿಗಿ ಕಡಿಯೂದಲ್ಲ” ಎಂದು ಹೆಚ್ಚಿನ ಪಾಟಾ ಕಳಚಿಸಿದ.

ಎರಡನೆಯ ಉಪಾಯ, ಪಾಟಾಕ್ಕೂ ಗಾಲಿಗಳ ಅಚ್ಚಿಗೂ ನಡುವೆ ಕಬ್ಬಿಣದ ದಿಂಡು ಇಟ್ಟು ಉದ್ದನೆಯ ಬೋಲ್ಟಿನಿಂದ ಬಿಗಿಯುವುದು. ಉಸ್ತಾದ ಮೊದಲು ಹಿಂದಿನ ಗಾಲಿಗಳಿಗಷ್ಟೇ ಇಟ್ಟು ಊಟಕ್ಕೆ ಹೋದ. ಕಾಕಾನಿಗೆ ತಡೆಯಲಾಗುತ್ತದೆಯೇ? ಹಾಗೆಯೇ ಹೊರಗೆ ತಂದ. ಮುಂದೆ ತಗ್ಗಿ ಹಿಂದೆ ಎದ್ದ ಟ್ರಕ್ಕು ಕಂಡಕಂಡವರಿಗೆಲ್ಲ ಸಾಷ್ಟಾಂಗ ಹಾಕುತ್ತ ಹೋದಂತಿತ್ತು. ಮಾರ್ಕೆಟ್ಟಿನ ಹಮಾಲರು ಕೈಯೆತ್ತಿ ಆಶೀರ್ವಾದ ಮಾಡಿದರು!

ಮುಂದಿನ ದಿಂಡುಗಳೂ ಕೂತವು. ಇನ್ನು ಟೈರು. ಕಾಕಾ ಟೈರು ಆರಿಸುವುದನ್ನು ನೀವು ನೋಡಬೇಕಿತ್ತು. ಕುರ್ಲಾದ ಹಳೆಯ ಸಾಮಾನಿನ ಬಜಾರಿನಲ್ಲಿ ಒಂದೊಂದನ್ನೂ ಉರುಳಿಸಿ ನೋಡಿದ, ಬೆರಳ ಗೆಣ್ಣಿನಿಂದ ಬಡಿದು ಕೇಳಿದ, ಒಳಗೆ ತಲೆ ಹಾಕಿ ಮೂಸಿದ. ಇದು ಅಗಲ, ನೀರನ್ನು ತಳ್ಳೀತು, ಸೀಳಲಿಕ್ಕಿಲ್ಲ. ಇದು ಎತ್ತರ, ಆದರೆ ಹಲ್ಲು ಸವೆದಿದೆ. ಇದಕ್ಕೆ ನಮ್ಮ ರಿಮ್ಮು ಸಾಲದು. ಭಾನುವಾರಗಳು ಹೀಗೇ ಕಳೆದವು.

“ಕಾಕಾ, ಅಳಿಯನ್ನ ಒಂದು ಕಪ್ ಚಹಾದಾಗ ಒಪ್ಪಿದಿರಿ” ಅಂದೆ ನಾನು.

“ಅಂವ ಮುಂದ ಸುಧಾರಿಸ್ಯಾನು. ಟೈರ್ ಸುಧಾರಸೂದಿಲ್ಲ.”

ಕೊನೆಗೆ ದೊಡ್ಡ ರಿಮ್ಮು, ದೊಡ್ಡ ಟೈರು ಬಂದವು. ಎಡಕ್ಕೆ ಹೊರಳಿಸಿದರೆ ಟೈರು ಮಡ್ಗಾರ್ಡಿಗೆ ಉಜ್ಜಿ ಆಡು ಅರಚಿದಂತೆ ಸದ್ದಾಗುತ್ತಿತ್ತು. ಮಡ್ಗಾರ್ಡು ಕತ್ತರಿಸುವತನಕ ಕಾಕಾ ಬಲಕ್ಕೆ, ಬಲಕ್ಕೆ, ಬಲಕ್ಕೆ ಹೊರಳಿಯೇ ಎಡಗಡೆಯ ಬೀದಿಗಳನ್ನು ಮುಟ್ಟುತ್ತಿದ್ದ. ಹೀಗೆ ಒಂದೇ ಚೌಕವನ್ನು ಸುತ್ತಿ ಸುತ್ತಿ ಬರುತ್ತಿದ್ದ ಗಾಡಿಯನ್ನು ಒಬ್ಬ ಹವಾಲ್ದಾರ ತಡೆದ. ಕತ್ತೆತ್ತಿ ನೋಡಿ, “ಕಾಯ್ ಹೋ, ಹೀ ಗಾಡೀ ಆಹೇ ಕೀ ಹತ್ತೀ?” ಎಂದ. ಗಾಡಿಯೋ ಆನೆಯೋ ಎಂದು!

“ಮುಲೀಚ ಲಗ್ನ ಆಹೇ ಸಾಹೇಬ್” ಎಂದು ಕಾಕಾ ಮಗಳ ಮದುವೆ, ಮಳೆ, ಬೀಗತಿಯ ಚಹಾ, ಎಲ್ಲವನ್ನೂ ಹೇಳಿದ. ಹವಾಲ್ದಾರ ಕೇಳುತ್ತ ಕೇಳುತ್ತ ಟೋಪಿ ತೆಗೆದ. ತನಗೂ ಹೆಣ್ಣುಮಕ್ಕಳೇ ಅಂದ. ಆಮೇಲೆ ತಾನೇ ಬಗ್ಗಿ ದಿಂಡುಗಳನ್ನು ಮುಟ್ಟಿ ನೋಡಿ, “ಘಟ್ಟ ಆಹೇ”, ಗಟ್ಟಿಯಾಗಿವೆ ಎಂದು ಬಿಟ್ಟುಕಳಿಸಿದ.

ಮದುವೆ ನಮ್ಮ ಚಾಳಿನ ಹತ್ತಿರದ ಒಂದು ಸಾಲೆಯ ಹಾಲ್‌ನಲ್ಲಾಯಿತು. ಬೆಳಗಿನಿಂದ ಮಳೆ ಬಿಡಲಿಲ್ಲ. ಎಲ್ಲರೂ ಬಯ್ಯುತ್ತಿದ್ದರೆ ಕಾಕಾ ಒಬ್ಬನೇ ಕಿಟಕಿಯಿಂದ ಮಳೆಯನ್ನು ನೋಡಿ ಮೀಸೆ ತಿರುವುತ್ತಿದ್ದ. ಬೀಗತಿ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಸಿದ್ಧತೆಗೆಂದು ಊಟ ಮುಗಿಸಿ, ಹಳಿಗಳಿಗೆ ನೀರು ಬರುವ ಮೊದಲೇ, ರತ್ನಾಳೊಡನೆ ಲೋಕಲಿನಲ್ಲಿ ಮುಂದೆ ಹೋದರು. ಮಗಳನ್ನು ಒಪ್ಪಿಸುವ ಶಾಸ್ತ್ರವಾಯಿತು. ಕಾಕು ಅತ್ತರು, ಸುಮಿ ಅತ್ತಳು, ಕಾಕಾ ಟ್ರಕ್ಕಿನ ಕಡೆ ನಡೆದ.

ಆಗ ಒಬ್ಬ ಹಿರಿಯರು ಅಡ್ಡ ಬಂದರು. “ಒಪ್ಪಿಸಿಕೊಟ್ಟ ಮ್ಯಾಲೆ ಹೆಣ್ಣಿನ ಅಪ್ಪ ಬೆನ್ನ ಹತ್ತಿ ಹೋಗೂದು ಯಾವ ಊರಿನ ಪದ್ಧತಿನೋ?”

ಅದೂ ನಿಜವೇ. ಅಪ್ಪ ಹೋಗಕೂಡದು. ಆದರೆ ಆ ಆನೆಯನ್ನು ನಡೆಸಬಲ್ಲ ಮಾವುತ ಬೇರೆ ಯಾರಿದ್ದಾರೆ? ಕಾಕಾ ಒಂದು ನಿಮಿಷ ಯೋಚಿಸಿದ. ರೇಷ್ಮೆ ಅಂಗಿಯ ಮೇಲೆ ಖಾಕಿ ಅಂಗಿ ತೊಟ್ಟು ಗುಂಡಿ ಹಾಕಿಕೊಂಡ. “ಅಪ್ಪ ಇಲ್ಲೇ ಇರ್ತಾನ್ರೀ. ಡ್ರೈವರ ಹೋಗ್ತಾನ.”

ಮದುಮಕ್ಕಳು ಮುಂದೆ, ಗಂಡಿನ ಕಡೆಯವರು ಹಿಂದೆ ಮಳೆಗೆಂದು ಹೊದಿಸಿದ ತಾಡಪತ್ರಿಯ ಕೆಳಗೆ, ನಾನು ಟೈರು ಉಜ್ಜುತ್ತದೆಯೇ ನೋಡಲು ಫುಟ್‌ಬೋರ್ಡಿನ ಮೇಲೆ. ಡ್ರೈವರನಾದ ಕಾಕಾ ದಾರಿಯುದ್ದಕ್ಕೂ ಮಗಳ ಕಡೆ ತಿರುಗಲಿಲ್ಲ. “ಅಪ್ಪಾ” ಎಂದು ಸುಮಿ ಕರೆದಳು. ಕಾಕಾ ಗೇರು ಬದಲಿಸಿದ. ಇನ್ನೊಮ್ಮೆ ಕರೆದಳು. ಹಾರ್ನ್ ಹೊಡೆದ. ಆಮೇಲೆ ಮೂಗೊರೆಸಿಕೊಂಡು, “ಡ್ರೈವರಸಾಹೇಬ್ರ, ಸ್ವಲ್ಪ ಸಾವಕಾಶ ಹೊಡೀರಿ” ಅಂದಳು.

“ಹೂಂ ಬಾಯೇರ” ಅಂದ ಕಾಕಾ.

ಪರೇಲ್ ಬಂತು. ಟ್ಯಾಕ್ಸಿಗಳು ತೇಲುವ ಪಾತ್ರೆಗಳಂತೆ ನಿಂತಿದ್ದವು. ನಮ್ಮ ಟ್ರಕ್ಕು ಗುರುಗುಟ್ಟುತ್ತ ನೀರು ತಳ್ಳಿಕೊಂಡು ದಾಟಿತು. ದಾದರ ದಾಟಿತು. ಅಂಧೇರಿಯಲ್ಲಿ ಬಸ್ಸಿನೊಳಗೆ ಸಿಕ್ಕಿಬಿದ್ದವರು ಚಪ್ಪಾಳೆ ತಟ್ಟಿದರು. ಕಾಕಾನ ಆ ಗೆದ್ದ ಮುಖದಂಥದ್ದನ್ನು ನಾನು ಆಮೇಲೆ ಯಾರಲ್ಲೂ ಕಂಡಿಲ್ಲ.

ಗೋರೆಗಾಂವಿನ ಗಲ್ಲಿಯ ಬಾಯಲ್ಲಿ ಟ್ರಕ್ಕು ನಿಂತಿತು. ಎದುರಿಗೆ ಬಿದಿರಿನ ಕಮಾನು, ಬಾಳೆಯ ಕಂಬ, ಮಾವಿನ ತೋರಣ. ಬೀಗರು ನಮ್ಮನ್ನು ಬರಮಾಡಿಕೊಳ್ಳಲೆಂದೇ ಕಟ್ಟಿಸಿದ್ದು. ಟ್ರಕ್ಕಿನ ತಲೆ ಕಮಾನಿಗಿಂತ ಮೇಲಿತ್ತು! ಮೊದಲಿನ ಎತ್ತರದಲ್ಲಿದ್ದರೆ ಸಲೀಸಾಗಿ ನುಸುಳುತ್ತಿತ್ತು. ಮದುವೆಯ ಕಂಬವನ್ನು ಕೀಳುವುದುಂಟೇ? ಕಮಾನಿನಾಚೆ ಹೊಸ್ತಿಲತನಕ, ಹತ್ತು ಹೆಜ್ಜೆ, ಗಲ್ಲಿಯ ತುಂಬ ಕೆಂಪು ಕೊಳಚೆ, ಮೊಳಕಾಲಿಗೆ. ಇಷ್ಟೆಲ್ಲ ಏರಿಸಿದ ಮನುಷ್ಯ ಇಳಿಯುವುದನ್ನು ಯೋಚಿಸಿರಲಿಲ್ಲ.

“ಹೊತ್ತು ಮೀರ್ತದ, ಇಳೀರಿ!” ಬೀಗತಿ ಆರತಿಯ ತಟ್ಟೆ ಹಿಡಿದು ಕೂಗಿದರು. ಹುಡುಗ ಪ್ಯಾಂಟು ಮಡಚಿ, “ನಾನ ಎತ್ತಿಕೊಂಡು…” ಎಂದು ಶುರುಮಾಡಿದ. ತಾಯಿ ಅಲ್ಲಿಂದಲೇ ನೋಡಿದ ನೋಟಕ್ಕೆ ಪ್ಯಾಂಟಿನ ಮಡಿಕೆ ತಾನಾಗಿಯೇ ಬಿಚ್ಚಿಕೊಂಡಿತು.

ಕಾಕಾ ಸ್ಟೇರಿಂಗಿನ ಮೇಲಿಂದ ಕೈ ತೆಗೆದ. ಡ್ರೈವರನಾದವನು ಮದುಮಗಳನ್ನು ಮುಟ್ಟುವ ಹಾಗಿಲ್ಲ. ಕೆಳಗಿಳಿದ. ನೀರಿನಲ್ಲಿ ನಿಂತು ಖಾಕಿ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಅಂಗಿಯನ್ನು ಮಡಚಿ ಸೀಟಿನ ಮೇಲಿಟ್ಟು, ಮದುವೆಯ ಶಲ್ಯವನ್ನು ಹೆಗಲಿಗೆ ಹಾಕಿಕೊಂಡ. “ಬಾರವ್ವಾ ಸುಮೀ” ಅಂದ.

ಈರುಳ್ಳಿ ಚೀಲ ಎತ್ತಿ ಪಳಗಿದ ತೋಳು. ಎತ್ತಿದ್ದೂ ಅದೇ ಧಾಟಿಯಲ್ಲಿ. “ಅಪ್ಪಾ, ನಾ ಚೀಲ ಅಲ್ಲ!” ಎಂದು ಅಳುತ್ತಲೇ ನಕ್ಕಳು ಸುಮಿ. ಮಳೆ ಅವಳ ತಲೆಗೆ ಬೀಳದಿರಲೆಂದು ರತ್ನಾ ಕೊಡೆ ಹಿಡಿದು ನೀರಿಗಿಳಿದು ಬಂದಳು. ಕೊಡೆ ಪೂರ್ತಿ ಸುಮಿಯ ಮೇಲೆ. ತಾನು ನೆನೆಯುತ್ತ ಪಕ್ಕದಲ್ಲಿ ನಡೆದಳು.

“ಹೆಣ್ಣಿನ ಅಪ್ಪ ಇಲ್ಲೀತನಕಾ ಬರಬಾರದ್ರೀ!” ಬೀಗತಿ ಅಂದರು.

“ಬಂದಿಲ್ರೀ ಬೀಗತಿಯವರ. ನೀರಾಗ ನಿಂತೀನಿ. ನೀರು ಮುನಸಿಪಾಲಟೀದು.”

ಸುಮಿಯನ್ನು ಹೊಸ್ತಿಲಿನ ಮುಂದಿನ ಕಟ್ಟೆಯ ಮೇಲೆ ಇಳಿಸಿದ. ಅವಳ ಪಾದಗಳು ಒಣಗಿಯೇ ಇದ್ದವು, ಅರಿಶಿನ ಹಾಗೆಯೇ ಇತ್ತು. ಆರತಿಯಾಯಿತು, ಅವಳು ಅಕ್ಕಿಯ ಸೇರು ಒದ್ದು ಒಳಗೆ ಹೋದಳು. ರತ್ನಾ ಕೊಡೆ ಮಡಚಿ ಹಿಂದೆಯೇ ಕಟ್ಟೆ ಹತ್ತಿದಾಗ ಬೀಗತಿ ಕೈ ಅಡ್ಡ ಹಿಡಿದರು. “ನೀ ಹಿತ್ತಲಕಡಿಂದ ಬಾ. ಮತ್ತ ಕೆಸರುಗಾಲಾಗ ಬರಬ್ಯಾಡ.”

ರತ್ನಾ ನಿಂತಳು. ಈ ಸಲ ಅವಳು ನಗಲಿಲ್ಲ.

ಕಾಕಾ ಇನ್ನೂ ನೀರಿನಲ್ಲೇ ಇದ್ದ. ಹೆಗಲ ಮೇಲಿದ್ದ ಮದುವೆಯ ಶಲ್ಯ ತೆಗೆದ. ಕಟ್ಟೆಯ ಮೇಲೆ ಬಾಗಿ ಅವಳ ಒಂದು ಪಾದ ಒರೆಸಿದ. ಅವಳು ಬೆಚ್ಚಿ, “ಅಯ್ಯ, ಕಾಕಾರ, ಏನ ಮಾಡ್ತೀರಿ!” ಎಂದು ಹಿಂದೆ ಸರಿಯಹೋದಳು. “ನಿಂದ್ರು” ಅಂದ. ಇನ್ನೊಂದು ಪಾದವನ್ನೂ ಒರೆಸಿದ, ಬೆರಳುಗಳ ಸಂದಿಯಲ್ಲೂ ಕೆಸರು ಉಳಿಯದ ಹಾಗೆ.

“ನಿಮ್ಮಪ್ಪನ ಹತ್ರ ಟ್ರಕ್ ಇರಲಿಲ್ಲವ್ವಾ, ಅಷ್ಟs. ಈಗ ಬಲಗಾಲ ಇಟ್ಟು ಒಳಗ ಹೋಗು.”

ಬೀಗತಿಯ ಕೈ ತಾನಾಗಿಯೇ ಕೆಳಗಿಳಿಯಿತು. ಅವರು ಏನಾದರೂ ಅಂದರೋ ಇಲ್ಲವೋ ನನಗೆ ಗೊತ್ತಿಲ್ಲ, ಮಳೆಯ ಸದ್ದಿನಲ್ಲಿ ಕೇಳಲಿಲ್ಲ. ರತ್ನಾ ಬಲಗಾಲಿಟ್ಟು ಒಳಗೆ ಹೋದದ್ದನ್ನು ಮಾತ್ರ ನೋಡಿದೆ.

ಕಾಕಾ ಈಗಿಲ್ಲ, ಬೀಗತಿಯೂ ಇಲ್ಲ. ಇದನ್ನು ಕಣ್ಣಾರೆ ಕಂಡವರಲ್ಲಿ ಇಂದಿಗೂ ಇರುವವರು ನಾನು, ಸುಮಿ, ಅವಳ ಗಂಡ, ಮತ್ತು ರತ್ನಾ. ನನ್ನ ಮಾತಿನಲ್ಲಿ ನಂಬಿಕೆಯಿಲ್ಲದವರು ರತ್ನಾಳನ್ನು ಕೇಳಬಹುದು, ಗೋರೆಗಾಂವಿನ ಅದೇ ಮನೆಯಲ್ಲಿದ್ದಾಳೆ. ಆದರೆ ಅವಳು ಹೇಳುವಾಗ ಸುಮಿಯ ಅಪ್ಪ ಎನ್ನುವುದಿಲ್ಲ. ನಮ್ಮಪ್ಪ ಎನ್ನುತ್ತಾಳೆ.