ನಿಂಬೆ ಹಿಂಡಿದ ಉಪಕಾರ

ಅರ್ಧ ಹೋಳು ನಿಂಬೆಹಣ್ಣು ಒಬ್ಬ ಮನುಷ್ಯನನ್ನು ಎಂಥ ಪೇಚಿಗೆ ಸಿಕ್ಕಿಸಬಲ್ಲದು ಎಂದು ತಿಳಿಯಬೇಕಾದರೆ ‘ಆಗ್ಲಿಸಾರ್’ ಅವರನ್ನು ಕೇಳಬೇಕು. ಅದು ಹೆತ್ತವರು ಇಟ್ಟ ಹೆಸರಲ್ಲ. ಬೀಗದ ಕಂಪನಿಯ ದೂರು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತರಾಗಿ ಕೂತು, ಮ್ಯಾನೇಜರ್ ಏನು ಹೇಳಿದರೂ “ಆಗ್ಲಿ ಸಾರ್” ಎನ್ನುತ್ತಲೇ ಗಳಿಸಿದ ಬಿರುದು.

ಮ್ಯಾನೇಜರ್ ಸಾಹೇಬರು ತಾವೇ ಕೂತು, ತಾವೇ ಗೆರೆ ಎಳೆದು, ತಾವೇ ಮೆಚ್ಚಿಕೊಂಡ ಹೊಸ ಬೀಗ ಪೇಟೆಗೆ ಬಂದು ಅಂದಿಗೆ ಒಂದು ವರ್ಷ. ಆ ಖುಷಿಗೆ ಕಚೇರಿಯ ಎದುರುಗಡೆ ಹೊಸದಾಗಿ ತೆರೆದಿದ್ದ ಲಾವೋಸ್ ದೇಶದ ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಕೊಡಿಸುವುದಾಗಿ ಹೇಳಿದ್ದರು.

ಆಗ್ಲಿಸಾರ್ ಹೊರಡುವಾಗ ಹೆಂಡತಿ ಅವರ ಅಂಗಿಯ ಕಾಲರು ಸರಿಮಾಡುತ್ತ ಪಾಠ ಹೇಳಿದ್ದಳು.

“ರೀ, ನಿಮ್ಮ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿ ಬಿದ್ದು ಮೂರು ತಿಂಗಳಾಯ್ತು. ಇವತ್ತು ಬಾಯಿಬಿಟ್ಟು ಕೇಳಿ.”

“ಆಗ್ಲಿ.”

“ನನಗೂ ಆಗ್ಲಿ ಅನ್ಬೇಡಿ! ನೀವು ಮುಖ್ಯಸ್ಥರಾಗೇಬಿಟ್ರಿ ಅಂತ ಅಕ್ಕನಿಗೆ ಆಗ್ಲೇ ಹೇಳಿದೀನಿ. ನನ್ನ ಮರ್ಯಾದೆ ನಿಮ್ಮ ಕೈಲಿದೆ.”

ಹೆಂಡತಿಯ ಮರ್ಯಾದೆಯನ್ನು ಹೊತ್ತುಕೊಂಡು ಆಗ್ಲಿಸಾರ್ ಹೋಟೆಲಿನ ಮೆಟ್ಟಿಲು ಹತ್ತಿದರು. ಒಳಗೆ ಹಾಡುಹಗಲಲ್ಲೇ ಕತ್ತಲು. ಮೊಣಕಾಲು ಗಲ್ಲಕ್ಕೆ ತಾಗುವಷ್ಟು ಕುಳ್ಳಗಿನ ಬಿದಿರಿನ ಸ್ಟೂಲುಗಳು. ಒಂದು ಮೂಲೆಯಲ್ಲಿ ಒರಳಿಗೆ ಏನನ್ನೋ ಹಾಕಿ ಕುಟ್ಟುವ ಸದ್ದು, ಇನ್ನೊಂದು ಮೂಲೆಯ ಬಾರಿನಲ್ಲಿ ಒಬ್ಬಾಕೆ ಸ್ಟೀಲಿನ ಡಬ್ಬಿ ಹಿಡಿದು ಕುಲುಕುವ ಸದ್ದು. ಅಡುಗೆಮನೆಗೆ ಬಂದೆವೋ ಕಾರ್ಖಾನೆಗೆ ಬಂದೆವೋ ಅವರಿಗೆ ತಿಳಿಯಲಿಲ್ಲ.

ಹೋದವರು ನಾಲ್ಕೇ ಜನ. ಸಾಹೇಬರು, ಅವರ ಪಕ್ಕಕ್ಕೆ ಅಂಟಿಕೊಂಡ ಸ್ಟೋರ್ ಕೀಪರ್, ಎದುರಿಗೆ ಆಗ್ಲಿಸಾರ್, ಮತ್ತು ಟೈಪಿಸ್ಟ್ ಮೇಡಂ. ಸ್ಟೋರ್ ಕೀಪರ್ ಮಹಾ ಉಪಕಾರಿ. ಯಾರೂ ಕೇಳದಿದ್ದರೂ ಸಹಾಯ ಮಾಡುವವನು. ಬೇಡವೆಂದರೆ ಇನ್ನೂ ಹೆಚ್ಚು ಮಾಡುವವನು.

ಬಾರಿನಾಕೆ ಬಂದು ವಿವರಿಸಿದಳು. “ನಮ್ಮ ಹೆಸರುವಾಸಿ ಪಾನೀಯ ಶಂಖಪುಷ್ಪದ್ದು. ನೀಲಿ ಬಣ್ಣದ್ದು ಬರೀ ಹೂವಿನ ಶರಬತ್ತು. ನೇರಳೆ ಬಣ್ಣದ್ದರಲ್ಲಿ ಮದ್ಯ ಇರುತ್ತೆ. ಜೋರಾಗೇ ಇರುತ್ತೆ.”

“ನನಗೆ ನೀಲಿ,” ಎಂದರು ಸಾಹೇಬರು. ಅವರು ಜೀವಮಾನದಲ್ಲಿ ಹನಿ ಮುಟ್ಟಿದವರಲ್ಲ. ಹಿಂದೊಮ್ಮೆ ಯಾರೋ ಕುಡಿದು ಬಂದು ಸಂಬಳ ಹೆಚ್ಚಿಸಿ ಎಂದು ಕೂಗಾಡಿದ ಮೇಲೆ ಹಾಜರಿ ಪುಸ್ತಕದ ಪಕ್ಕದಲ್ಲೇ ಒಂದು ನೋಟಿಸ್ ಅಂಟಿಸಿದ್ದರು: ‘ಕುಡಿದು ಆಡಿದ ಮಾತಿಗೆ ಈ ಕಚೇರಿಯಲ್ಲಿ ಬೆಲೆಯಿಲ್ಲ.’ “ಆದ್ರೆ ಇವತ್ತು ನಿಮ್ಮನ್ನ ತಡೆಯಲ್ಲ. ನಿಮಗಿಷ್ಟವಾದದ್ದು ಹೇಳಿ.”

ಸ್ಟೋರ್ ಕೀಪರ್ ನೇರಳೆ ಹೇಳಿದ. ಆಗ್ಲಿಸಾರ್ ಸಾಹೇಬರ ಮುಖ ನೋಡಿ ನೀಲಿ ಹೇಳಿದರು. ಟೈಪಿಸ್ಟ್ ಮೇಡಂ ನೀರು ಸಾಕೆಂದರು.

ಗ್ಲಾಸುಗಳು ಬಂದವು, ಹಿಂದೆಯೇ ಊಟ ಬಂತು. ಬಿದಿರಿನ ಬುಟ್ಟಿಯಲ್ಲಿ ಅಂಟಂಟಾದ ಅನ್ನ. ಜೊತೆಗೆ ಹಸಿ ಪಪ್ಪಾಯಿಕಾಯಿ ತುರಿದು, ಮೆಣಸಿನಕಾಯಿ ಸೇರಿಸಿ ಒರಳಲ್ಲಿ ಕುಟ್ಟಿದ ಒಂದು ಪಲ್ಯ. ಆಗ್ಲಿಸಾರ್ ಅನ್ನವನ್ನು ಬೆರಳಿಗೆ ತೆಗೆದುಕೊಂಡರು. ಅನ್ನ ಬೆರಳನ್ನು ಬಿಡಲಿಲ್ಲ. ಬಿಡಿಸಲು ಹೋದ ಇನ್ನೊಂದು ಕೈಯನ್ನೂ ಹಿಡಿದುಕೊಂಡಿತು. ಹೇಗೋ ಒಂದು ತುತ್ತು ಪಲ್ಯ ಬಾಯಿಗೆ ಹೋಯಿತು. ಕಿವಿಯಿಂದ ಹೊಗೆ ಬರುವುದೊಂದು ಬಾಕಿ.

“ಖಾರಕ್ಕೆ ನಿಂಬೆ ಒಳ್ಳೇದು, ತಾಳಿ!” ಎಂದು ಸ್ಟೋರ್ ಕೀಪರ್ ತಟ್ಟೆಯ ಅಂಚಿನಲ್ಲಿದ್ದ ಹೋಳನ್ನು ಎತ್ತಿ, ಮೊದಲು ಸಾಹೇಬರ ಗ್ಲಾಸಿಗೆ, ಆಮೇಲೆ ಆಗ್ಲಿಸಾರ್ ಗ್ಲಾಸಿಗೆ ಹಿಂಡಿಯೇಬಿಟ್ಟ. ಆ ಹೊತ್ತಿಗೆ ಆಗ್ಲಿಸಾರ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಸಾಹೇಬರಿಗೂ ಖಾರ ನೆತ್ತಿಗೇರಿ, ಕೈಗೆ ಸಿಕ್ಕ ಗ್ಲಾಸನ್ನು ಎತ್ತಿ ಗಟಗಟನೆ ಖಾಲಿ ಮಾಡಿದರು. ಸ್ಟೋರ್ ಕೀಪರ್ ಬಾಗಿಲ ಕಡೆ ತಿರುಗಿ “ಸಾಹೇಬರಿಗೆ ನೀರು!” ಎಂದು ಕೂಗುತ್ತಿದ್ದ.

ಆಗ್ಲಿಸಾರ್ ಕರವಸ್ತ್ರ ತೆಗೆಯದೆಯೇ ತಡಕಾಡಿ ತಮ್ಮ ಗ್ಲಾಸು ಹಿಡಿದು ಅರ್ಧ ಕುಡಿದು, ಆಮೇಲೆ ಕಣ್ಣು ಬಿಟ್ಟರು. ಗ್ಲಾಸಿನಲ್ಲಿದ್ದದ್ದು ನೀಲಿಯಲ್ಲ. ಅಪ್ಪಟ ನೇರಳೆ.

ನೀಲಿ ತಾನೇ ಹೇಳಿದ್ದು? ನೀಲಿ ತಾನೇ ಬಂದದ್ದು? ಹಾಗಾದರೆ ಈಗ ಕುಡಿದದ್ದು ಯಾರದ್ದು? ಹಾಗೆ ಅಂದುಕೊಂಡದ್ದೇ ತಡ, ಬಿದಿರಿನ ಸ್ಟೂಲು ಸಣ್ಣಗೆ ತಿರುಗತೊಡಗಿತು. ಅಮಲು ಎಂದರೆ ಇದೇ ಇರಬೇಕು ಎಂದುಕೊಂಡರು. ಹೇಗಿರುತ್ತದೆಂದು ಅವರಿಗೇನು ಗೊತ್ತು? ಭಯವಾಯಿತು. ಭಯದ ಹಿಂದೆಯೇ ಆ ನೋಟಿಸ್ ನೆನಪಾಯಿತು: ಕುಡಿದು ಆಡಿದ ಮಾತಿಗೆ ಬೆಲೆಯಿಲ್ಲ. ಅಂದರೆ ಈಗ ಏನು ಬೇಕಾದರೂ ಆಡಬಹುದು! ಇಪ್ಪತ್ತೆರಡು ವರ್ಷದಿಂದ ತುಕ್ಕು ಹಿಡಿದಿದ್ದ ನಾಲಿಗೆ ಒಮ್ಮೆಲೇ ಸಡಿಲವಾಯಿತು.

“ಸಾರ್, ನಿಮ್ಮ ಬೀಗ ತೆರೆಯಲ್ಲ,” ಎಂದರು.

ಟೈಪಿಸ್ಟ್ ಮೇಡಂ ನೀರಿನ ಲೋಟ ಕೆಳಗಿಟ್ಟರು.

“ಅಂದ್ರೆ ಅಷ್ಟು ಭದ್ರವಾಗಿದೆ ಅಂತ ಸಾರ್,” ಸ್ಟೋರ್ ಕೀಪರ್ ತೇಪೆ ಹಚ್ಚಿದ.

“ಭದ್ರ ಎಲ್ಲಿ ಬಂತು? ಅದರ ಕೀಲಿಗೆ ಮಾತ್ರ ತೆರೆಯಲ್ಲ. ಬೇರೆ ಎಲ್ಲದಕ್ಕೂ ತೆರೆಯುತ್ತೆ. ಒಬ್ಬರು ತಲೆಪಿನ್ನಲ್ಲಿ ತೆಗೆದಿದಾರೆ. ಇನ್ನೊಬ್ಬರು ಹಲ್ಲುಕಡ್ಡೀಲಿ. ಮುನ್ನೂರ ಹನ್ನೆರಡು ದೂರು ಬಂದಿವೆ ಸಾರ್!”

“ನನಗ್ಯಾಕೆ ತೋರಿಸ್ಲಿಲ್ಲ?” ಸಾಹೇಬರ ಮುಖ ಕೆಂಪಾಗಿತ್ತು.

“ದೂರು ಬಂದ್ರೆ ನನ್ನ ಹತ್ರ ತರಬೇಡ ಅಂದವರು ನೀವೇ. ನಾನು ಆಗ್ಲಿ ಸಾರ್ ಅಂದೆ. ಎಲ್ಲಾ ಬೀರುವಿಗೆ ಹಾಕಿ ನಮ್ಮದೇ ಬೀಗ ಜಡಿದೆ. ಈಗ ಅದೂ ತೆರೀತಿಲ್ಲ. ಮೊನ್ನೆ ನಿಮ್ಮ ಕೋಣೆ ಬಾಗಿಲು ಬಿಚ್ಚಿ ಬಣ್ಣ ಹೊಡೆಸಿದ್ವಿ ಅಂದ್ವಲ್ಲ, ಅದು ಬಣ್ಣಕ್ಕಲ್ಲ ಸಾರ್. ನಿಮ್ಮ ಬೀಗ ಹಾಕಿಕೊಂಡು ನೀವು ಒಳಗೆ ಗೊರಕೆ ಹೊಡೀತಿದ್ರಿ. ತಿರುಗಣೆ ಕಿತ್ತು ಬಾಗಿಲು ತೆಗೆದದ್ದು.”

“ಸಾರ್, ಮನ್ನಿಸಿಬಿಡಿ!” ಸ್ಟೋರ್ ಕೀಪರ್ ಎದ್ದೇ ನಿಂತ. “ಗ್ಲಾಸ್ ನೋಡಿ, ನೇರಳೆ. ಪಾಪ, ಯಾವುದೋ ಮಾಯದಲ್ಲಿ ಕುಡಿದುಬಿಟ್ಟಿದಾರೆ. ನಿಮ್ಮದೇ ನೋಟಿಸ್ ಇದೆಯಲ್ಲ.”

ಸಾಹೇಬರ ಭುಜ ಕುಲುಕಿತು, ಹೊಟ್ಟೆ ಕುಲುಕಿತು. ಆಮೇಲೆ ಹೋಟೆಲೆಲ್ಲ ತಿರುಗಿ ನೋಡುವ ಹಾಗೆ ನಕ್ಕರು. ನಗು ಮುಗಿದದ್ದೇ ಅತ್ತರು.

“ಇಷ್ಟು ವರ್ಷದಲ್ಲಿ ನನಗೆ ನಿಜ ಹೇಳಿದೋನು ನೀನೊಬ್ಬನೇ ಕಣಯ್ಯಾ! ನೀನು ನನ್ನ ತಮ್ಮ. ಅಲ್ಲ, ಅಣ್ಣ! ನಾಳೆಯಿಂದ ದೂರು ವಿಭಾಗಕ್ಕೆ ನೀನೇ ಮುಖ್ಯಸ್ಥ. ಪೆನ್ನು ಕೊಡಿ!”

ಕಾಗದದ ಕೈವಸ್ತ್ರವೊಂದರ ಮೇಲೆ ಅಲ್ಲೇ ಆಜ್ಞೆ ಬರೆದು ಸಹಿ ಹಾಕಿದರು. ಸಹಿ ಎಂದಿಗಿಂತ ಒಂದು ಸುತ್ತು ಹೆಚ್ಚಾಗಿತ್ತು.

ಆಗ್ಲಿಸಾರ್‌ಗೆ ತಲೆಬುಡ ತಿಳಿಯಲಿಲ್ಲ. ಬೈದದ್ದಕ್ಕೆ ಬಡ್ತಿಯೇ? ಆದರೂ ಸಂತೋಷ ತಡೆಯಲಾರದೆ ಮೂಲೆಗೆ ಹೋಗಿ ಹೆಂಡತಿಗೆ ಫೋನ್ ಮಾಡಿದರು. “ಆಯ್ತು ಕಣೇ! ಸಹಿನೂ ಆಯ್ತು!” ಆಕೆ “ಅಕ್ಕ ಇಲ್ಲೇ ಬಂದಿದಾಳೆ, ಭಾವನೂ ಹಾರ ಹಿಡ್ಕೊಂಡು ಬರ್ತಿದಾರೆ,” ಎಂದಳು.

ಅವರು ಮರಳಿ ಬಂದಾಗ ಸ್ಟೋರ್ ಕೀಪರ್ ಬಾರಿನಾಕೆಯೊಡನೆ ಜಗಳಕ್ಕೆ ನಿಂತಿದ್ದ. ಆ ಮುಖ್ಯಸ್ಥರ ಕುರ್ಚಿಯ ಮೇಲೆ ಅವನಿಗೂ ಕಣ್ಣಿತ್ತು. ಆ ಸಂಕಟವನ್ನು ಎಲ್ಲಾದರೂ ಕಾರಿಕೊಳ್ಳಬೇಕಿತ್ತು. “ಏನಮ್ಮಾ, ಅರ್ಧ ಗ್ಲಾಸ್ ಮುಗಿಸಿದೆ, ಏನೂ ಏರಲೇ ಇಲ್ಲ. ನೀರು ಬೆರೆಸ್ತೀರಾ?”

ಆಕೆ ಗ್ಲಾಸು ಎತ್ತಿ ನೋಡಿದಳು. “ಇದು ನಿಮ್ಮದಲ್ಲ. ಶರಬತ್ತು ಇದು. ಮದ್ಯ ಇಲ್ಲದ ಗ್ಲಾಸಿಗೆ ಗುರುತಿಗೆ ಮಜ್ಜಿಗೆಹುಲ್ಲಿನ ಕಡ್ಡಿ ಹಾಕ್ತೀವಿ, ನೋಡಿ.”

“ನೇರಳೆ ಬಣ್ಣ ಇದೆಯಲ್ಲ?”

“ಯಾರಾದ್ರೂ ನಿಂಬೆ ಹಿಂಡಿದ್ರಾ? ಶಂಖಪುಷ್ಪದ ನೀಲಿಗೆ ನಿಂಬೆ ಬಿದ್ರೆ ನೇರಳೆ ಆಗುತ್ತೆ. ಮದ್ಯದ್ದಕ್ಕೆ ನಾವೇ ಹಿಂಡಿರ್ತೀವಿ.”

ಎಲ್ಲರೂ ಗ್ಲಾಸುಗಳತ್ತ ಬಗ್ಗಿದರು. ಸ್ಟೋರ್ ಕೀಪರ್ ಗ್ಲಾಸಿನಲ್ಲಿ ಕಡ್ಡಿ ಇತ್ತು. ಆಗ್ಲಿಸಾರ್ ಗ್ಲಾಸಿನಲ್ಲೂ ಇತ್ತು. ಸಾಹೇಬರ ಮುಂದಿನ ಖಾಲಿ ಗ್ಲಾಸಿನಲ್ಲಿ ಮಾತ್ರ ಇರಲಿಲ್ಲ.

“ಹಾಗಾದ್ರೆ,” ಟೈಪಿಸ್ಟ್ ಮೇಡಂ ಶಾಂತವಾಗಿ ಹೇಳಿದರು, “ಇವರು ಹೇಳಿದ್ದೆಲ್ಲ ಎಚ್ಚರದಲ್ಲೇ ಹೇಳಿದ್ದು. ಸಾಹೇಬರು ಬರೆದದ್ದು…” ಮುಂದೆ ಹೇಳದೆ ನೀರು ಕುಡಿದರು.

ಸಾಹೇಬರು ಎರಡು ಲೋಟ ತಣ್ಣೀರನ್ನು ತಲೆಗೆ ತಟ್ಟಿಕೊಂಡರು. ನಗು ಎಲ್ಲಿ ಹೋಯಿತೋ, ಮುಖ ಮತ್ತೆ ಕಚೇರಿಯ ಮುಖವಾಯಿತು.

“ಕುಡಿದು ಆಡಿದ ಮಾತಿಗೆ ಬೆಲೆಯಿಲ್ಲ. ನೋಟಿಸ್ ನಾನೇ ಹಾಕಿದ್ದು, ನಾನೇ ಮುರಿಯೋಕಾಗುತ್ತಾ?” ಎಂದು ಆ ಆಜ್ಞಾಪತ್ರವನ್ನು ಎತ್ತಿಕೊಂಡು ಅದರಲ್ಲೇ ನೀಟಾಗಿ ಬಾಯಿ ಒರೆಸಿಕೊಂಡರು. “ಆದ್ರೆ ಕುಡಿಯದೆ ಆಡಿದ ಮಾತಿಗೆ ಬೆಲೆ ಇದೆ. ನಾಳೆ ಬೆಳಿಗ್ಗೆ ಆ ಮುನ್ನೂರ ಹನ್ನೆರಡೂ ದೂರು ನನ್ನ ಮೇಜಿನ ಮೇಲಿರಬೇಕು. ಬೀರು ಒಡೆಯೋ ಹಾಗಿಲ್ಲ, ತಲೆಪಿನ್ನೂ ಮುಟ್ಟೋ ಹಾಗಿಲ್ಲ. ಅದರ ಕೀಲಿಯಿಂದಲೇ ತೆಗೀಬೇಕು. ತಿಳೀತಾ?”

“ಆಗ್ಲಿ ಸಾರ್,” ಎಂದರು ಆಗ್ಲಿಸಾರ್.

ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ಭಾವ ಹಾರದೊಂದಿಗೆ ಬಂದಿರಬೇಕು. ಈ ಮುಖ ಹೊತ್ತು ಮನೆಗೆ ಹೋಗುವುದಾದರೆ ಎಚ್ಚರದಲ್ಲಿ ಹೋಗಲು ಸಾಧ್ಯವಿಲ್ಲ, ಇವತ್ತು ಕುಡಿದೇಬಿಡುತ್ತೇನೆ ಎಂದು ಜೀವನದಲ್ಲಿ ಮೊದಲ ಬಾರಿ ಸ್ವಂತ ನಿರ್ಧಾರವೊಂದನ್ನು ಮಾಡಿ, ಅಂಟು ಅನ್ನ ಮೆತ್ತಿದ ಕೈಯಿಂದ ಹತ್ತಿರದ ನೇರಳೆ ಗ್ಲಾಸನ್ನು ಬಾಚಿಕೊಂಡು, ಕಣ್ಣು ಮುಚ್ಚಿ ಬಾಯಿಗೆತ್ತಿದರು.

ಮಜ್ಜಿಗೆಹುಲ್ಲಿನ ಕಡ್ಡಿ ಸೀದಾ ಮೂಗಿಗೆ ಚುಚ್ಚಿತು.