ಚೆಂದದ ಗಿಟಾರಿಗೆ ಮೊದಲನೇ ಬಹುಮಾನ

ಆ ಬೀದಿಯ ಮುಕ್ಕಾಲುಪಾಲು ಮನೆಗಳ ಗೋಡೆಯ ಮೇಲೆ ಗಿಟಾರು ನೇತಾಡುತ್ತಿತ್ತು. ನುಡಿಸಬಲ್ಲವರು ಮಾತ್ರ ಒಬ್ಬರೂ ಇರಲಿಲ್ಲ.

ಇದಕ್ಕೆಲ್ಲ ಕಾರಣ ಹಿಂದಿನ ವರ್ಷ ಮೂಲೆಮನೆಗೆ ಬಾಡಿಗೆಗೆ ಬಂದಿದ್ದ ಗಿಟಾರು ಮೇಷ್ಟ್ರು. ಮಾತಿನಲ್ಲೇ ಮಹಡಿ ಕಟ್ಟುವ ಮನುಷ್ಯ. ಅವರ ಮಾತು ಕೇಳಿ ಬೀದಿಗೆ ಬೀದಿಯೇ ಜಿದ್ದಿಗೆ ಬಿದ್ದು ಗಿಟಾರು ಕೊಂಡಿತು. ಮೇಷ್ಟ್ರು ಮೊದಲನೇ ಪಾಠದಲ್ಲಿ ಗಿಟಾರನ್ನು ಮೆತ್ತನೆ ಬಟ್ಟೆಯಿಂದ ಒರೆಸುವುದು ಹೇಗೆಂದು ಹೇಳಿಕೊಟ್ಟರು. ಎರಡನೇ ಪಾಠಕ್ಕೆ ಮುಂಚೆ ಮದುವೆಯಾಗಿ ಬೇರೆ ಊರಿಗೆ ಹೊರಟುಹೋದರು. ಬೀದಿಯವರು ಕಲಿತದ್ದನ್ನು ಬಿಡಲಿಲ್ಲ. ದಿನಾ ಒರೆಸಿದರು.

ನಿವಾಸಿಗಳ ಸಂಘದ ಅಧ್ಯಕ್ಷರಾಗಿದ್ದ ನಿವೃತ್ತ ಸ್ಟೇಷನ್ ಮಾಸ್ತರರಿಗೆ ಇದರಲ್ಲೊಂದು ಉಪಾಯ ಕಂಡಿತು. "ನುಡಿಸೋ ಸ್ಪರ್ಧೆ ಇಟ್ರೆ ನಾವೆಲ್ಲ ಊರು ಬಿಡ್ಬೇಕಾಗುತ್ತೆ. ನೋಡೋ ಸ್ಪರ್ಧೆ ಇಡೋಣ. ಯಾರ ಗಿಟಾರು ಅತಿ ಚೆಂದವೋ ಅವರಿಗೆ ಬಹುಮಾನ. ಒಂದೇ ಬಹುಮಾನ. ಎರಡನೇದು ಮೂರನೇದು ಅಂತ ಚೌಕಾಸಿ ಇಲ್ಲ," ಎಂದರು.

ತೀರ್ಪುಗಾರ ಯಾರು? ಕಣ್ಣು ಚುರುಕಾಗಿರಬೇಕು, ಮನೆಯಲ್ಲಿ ಗಿಟಾರು ಇರಬಾರದು. ಬೀದಿಯನ್ನು ಜರಡಿ ಹಿಡಿದರೆ ಉಳಿದದ್ದು ಬಣ್ಣದಣ್ಣ ಒಬ್ಬನೇ.

ಬಣ್ಣದಣ್ಣ ಬಣ್ಣದಂಗಡಿಯಲ್ಲಿ ಗಿರಾಕಿಗಳು ಕೇಳಿದ ಬಣ್ಣ ಬೆರೆಸಿಕೊಡುವ ಕೆಲಸದವನು. ಎಷ್ಟೋ ವರ್ಷದಿಂದ ಅದನ್ನೇ ಮಾಡಿ ಮಾಡಿ ಅವನ ಪಾಲಿಗೆ ಬರೀ ಬಿಳಿ ಎಂಬುದೇ ಇಲ್ಲವಾಗಿತ್ತು. ಮೊಟ್ಟೆಚಿಪ್ಪಿನ ಬಿಳಿ, ಕೆನೆಯ ಬಿಳಿ, ನೆಂದ ಅಕ್ಕಿಯ ಬಿಳಿ ಮಾತ್ರ ಇದ್ದವು. ಇಂಥ ಕಣ್ಣಿಗೆ ಇಲ್ಲಿಯವರೆಗೆ ಒಬ್ಬರೂ ಬೆಲೆ ಕೊಟ್ಟಿರಲಿಲ್ಲ. ಈಗ ಬೀದಿಯೇ ಬಂದು ಕೇಳುತ್ತಿದೆ! ಆ ದಿನದಿಂದ ಬಣ್ಣದಣ್ಣ ನಡೆಯುವಾಗ ಅವನಿಗಿಂತ ಒಂದು ಗೇಣು ಮುಂದೆ ಅವನ ಎದೆ ಹೋಗುತ್ತಿತ್ತು.

ಭಾನುವಾರ ಬೆಳಿಗ್ಗೆ ಅವನು ಕನ್ನಡಿಯ ಮುಂದೆ ನಿಂತು ತೀರ್ಪು ಕೊಡುವವನ ಮುಖ ಹೇಗಿರಬೇಕೆಂದು ನೋಡಿಕೊಳ್ಳುತ್ತಿದ್ದ. ಅವನ ಹೆಂಡತಿ ಕೋರ್ಟಿನಲ್ಲಿ ಬೆರಳಚ್ಚು ಮಾಡುವವಳು.

"ರೀ, ಆ ನಗು ತೆಗೀರಿ. ತೀರ್ಪು ಕೊಡೋರನ್ನ ನಾನು ದಿನಾ ನೋಡ್ತೀನಿ. ಒಬ್ಬರೂ ನಗಲ್ಲ."

"ನಾನು ನಗ್ತಾ ಇಲ್ವಲ್ಲೇ. ಸಂತೋಷ ತಾನಾಗೇ ಹೊರಗೆ ಬರ್ತಿದೆ."

"ಸಂಜೆ ತನಕ ಒಳಗೇ ಇಟ್ಕೊಳ್ಳಿ. ಇನ್ನೊಂದು ಮಾತು. ಯಾರಿಗೂ ಏನೂ ಒಪ್ಕೊಂಡು ಬರಬೇಡಿ."

"ನಾನಾ? ಒಪ್ಕೊಳ್ಳೋದಾ?" ಎಂದು ಬಣ್ಣದಣ್ಣ ಟವೆಲನ್ನು ಶಾಲಿನ ಹಾಗೆ ಹೆಗಲ ಮೇಲೆ ಎಸೆದುಕೊಂಡು ಬಚ್ಚಲಿಗೆ ಹೋದ.

ತಲೆಗೂ ಮುಖಕ್ಕೂ ಸೋಪು ಹಚ್ಚಿ ಮುಗಿದಿತ್ತಷ್ಟೆ, ನಲ್ಲಿ ಗೊರಗೊರ ಎಂದು ನಿಂತಿತು. ಬಚ್ಚಲ ಕಿಟಕಿಯ ಆಚೆಯೇ ನೀರಿನ ವಾಲ್ವು. ಅದರ ಪಕ್ಕದಿಂದ ಮನೆ ಮಾಲೀಕರ ಕೆಮ್ಮು ಕೇಳಿಸಿತು.

"ಸ್ನಾನಾನಾ? ಆಗಲಿ, ಆಗಲಿ. ವಾಲ್ವು ಸ್ವಲ್ಪ ಬಿಗಿ ಮಾಡ್ತಿದ್ದೆ. ಅಂದಹಾಗೆ ನಮ್ಮ ಕರೀ ಗಿಟಾರು ನೋಡಿದ್ದೀರಲ್ಲ?"

"ನೋಡಿದ್ದೀನಿ ಸಾರ್! ನೀರು ಬಿಡಿ!"

"ಹೇಗಿದೆ?"

"ಚೆನ್ನಾಗಿದೆ! ಕಣ್ಣು ಉರೀತಿದೆ ಸಾರ್!"

"ಉರಿಯೋ ಅಷ್ಟು ಹೊಳೀತದೆ, ನಿಜ. ಹಾಗಾದ್ರೆ ಮೊದಲನೇದು ಅಂತೀರಿ?"

"ಮೊದಲನೇದು! ಮೊದಲನೇದು! ನೀರು!"

ನೀರು ಬಂತು. ಕಣ್ಣು ತೊಳೆದುಕೊಂಡ ಮೇಲೆಯೇ ತಾನು ಏನು ಹೇಳಿದೆನೆಂಬುದು ಬಣ್ಣದಣ್ಣನಿಗೆ ಕಾಣಿಸಿದ್ದು. ಕಿಟಕಿಯಿಂದ ತಲೆ ಹಾಕಿದ. ಮಾಲೀಕರು ಆಗಲೇ ಸಿಳ್ಳೆ ಹೊಡೆಯುತ್ತ ಗೇಟು ದಾಟಿದ್ದರು.

ಅಂಗಡಿ ಭಾನುವಾರವೂ ಮಧ್ಯಾಹ್ನದವರೆಗೆ ತೆರೆದಿರುತ್ತಿತ್ತು. ಬಣ್ಣದಣ್ಣ ಡಬ್ಬಿಯೊಂದಕ್ಕೆ ಬಣ್ಣ ಬಿಟ್ಟು, ಮುಚ್ಚಳ ಬಿಗಿದು, ಕುಲುಕುವ ಯಂತ್ರಕ್ಕೆ ಕೊಟ್ಟ. ಆ ಯಂತ್ರದ ಸದ್ದಿಗೆ ಗೋಡೆಯ ಮೇಲಿನ ಹಲ್ಲಿಯೂ ಜಾಗ ಬದಲಿಸುತ್ತಿತ್ತು. ಅದೇ ಹೊತ್ತಿಗೆ ಅಂಗಡಿಯ ಸಾಹುಕಾರರು ಹತ್ತಿರ ಬಂದು ಏನೋ ಹೇಳತೊಡಗಿದರು. ತುಟಿ ಅಲ್ಲಾಡುತ್ತಿತ್ತು, ಕೈ ಅಲ್ಲಾಡುತ್ತಿತ್ತು, ಒಂದಕ್ಷರ ಕೇಳಿಸುತ್ತಿರಲಿಲ್ಲ. ಮುಚ್ಚಳ ಬಿಗಿ ಮಾಡಿದ್ದೀಯಾ ಎಂದು ಕೇಳುತ್ತಿರಬೇಕು ಎಂದುಕೊಂಡು ಬಣ್ಣದಣ್ಣ ಜೋರಾಗಿ ತಲೆಯಾಡಿಸಿದ.

"ಖಂಡಿತ ಸಾರ್! ಅದರಲ್ಲಿ ಅನುಮಾನವೇ ಬೇಡ ಸಾರ್!"

ಯಂತ್ರ ನಿಂತಿತು. ಸಾಹುಕಾರರ ಮುಖ ಹೊಸ ಗೋಡೆಯ ಹಾಗೆ ಬೆಳಗುತ್ತಿತ್ತು.

"ನೋಡಪ್ಪ, ನಾನು ಬಾಯಿಬಿಟ್ಟು ಕೇಳಬಾರದಾಗಿತ್ತು. ಆದ್ರೂ ನೀನು ಇಷ್ಟು ಗಟ್ಟಿಯಾಗಿ ಹೇಳಿದ್ಯಲ್ಲ. ಮಗಳಿಗೆ ಈಗಲೇ ಫೋನ್ ಮಾಡ್ತೀನಿ. ಅವಳ ಗಿಟಾರೇ ಮೊದಲನೇದು ಅಂತ. ನಡುವೆ ಹಳದಿ, ಅಂಚಿಗೆ ಕೆಂಪು. ಹೊತ್ತು ಮುಳುಗೋ ಹಾಗಿದೆ, ಗೊತ್ತಲ್ಲ?"

ಬಣ್ಣದಣ್ಣನಿಗೆ ತನ್ನ ಹೊತ್ತೇ ಮುಳುಗುತ್ತಿರುವುದು ಗೊತ್ತಾಯಿತು. "ಸಾರ್, ನಾನು ಹೇಳಿದ್ದು ಮುಚ್ಚಳ..." ಎನ್ನುವಷ್ಟರಲ್ಲಿ ಸಾಹುಕಾರರು ಫೋನಿಗೆ "ಪುಟ್ಟೀ!" ಎಂದಾಗಿತ್ತು.

ಮನೆ ಒಬ್ಬರದು, ಕೆಲಸ ಇನ್ನೊಬ್ಬರದು. ಇಬ್ಬರಿಗೂ ಮೊದಲನೇ ಬಹುಮಾನ ಕೊಟ್ಟಾಗಿದೆ. ಇನ್ನು ಸಂಜೆಯವರೆಗೆ ಯಾರ ಜೊತೆಗೂ ತುಟಿ ಬಿಚ್ಚುವುದಿಲ್ಲ ಎಂದು ಬಣ್ಣದಣ್ಣ ಶಪಥ ಮಾಡಿದ. ಶಪಥ ಮಾಡಿ ಅವನು ಹೋದದ್ದು ಹಲ್ಲಿನ ಡಾಕ್ಟರ ಹತ್ತಿರ. ಮುರಿದ ಹಲ್ಲಿಗೆ ಕ್ಯಾಪು ಕೂರಿಸುವುದು ಅರ್ಧವಾಗಿತ್ತು, ಆ ಮಧ್ಯಾಹ್ನವೇ ಬರಲು ಹೇಳಿದ್ದರು.

"ಬಾಯಿ ಅಗಲ ಮಾಡಿ. ಇನ್ನೂ ಅಗಲ. ಹಾಂ," ಎಂದು ಡಾಕ್ಟರು ಎರಡು ಹತ್ತಿಯ ಉಂಡೆ, ಒಂದು ಕೊಳವೆ, ಒಂದು ಕನ್ನಡಿ ಎಲ್ಲವನ್ನೂ ಒಳಗೆ ಸೇರಿಸಿದರು. ಆಮೇಲೆ ಮಾತು ತೆಗೆದರು. "ಸಂಜೆ ತೀರ್ಪು ನಿಮ್ಮದೇ ಅಂತೆ. ಒಳ್ಳೇದಾಯ್ತು. ನಮ್ಮದು ಕೆಂಪು. ಅಪ್ಪಟ ಕೆಂಪು. ನಿಮ್ಮಂಥ ಕಣ್ಣಿರೋರಿಗೆ ಹೇಳ್ಬೇಕಾ? ಅದನ್ನ ಮೀರಿಸೋದು ಇನ್ನೊಂದಿದೆಯಾ?"

"ಆಂ... ಆಂ..." ಎಂದ ಬಣ್ಣದಣ್ಣ. ಅವನ ಅರ್ಥದಲ್ಲಿ ಅದು, ಡಾಕ್ಟರೇ, ಈ ವಿಷಯ ಈಗ ಬೇಡ ಎಂದು.

"ಇಲ್ಲ ಅಂತೀರಾ! ನಾನೂ ಅದನ್ನೇ ಅಂದೆ. ಹಾಗಾದ್ರೆ ಬಹುಮಾನ ನಮಗೇ?"

"ಆಆಂ!"

"ಅಬ್ಬಾ, ಎಂಥಾ ಮನಸ್ಸು ನಿಮ್ಮದು! ಈ ಕಡೆಗೆ ತಿರುಗಿ. ನೋವಾಗದ ಹಾಗೆ ಕೂರಿಸ್ತೀನಿ." ನಿಜಕ್ಕೂ ನೋವಾಗಲಿಲ್ಲ. ನೋವಾಗಿದ್ದರೆ ಚೆನ್ನಾಗಿತ್ತು ಎಂದು ಬಣ್ಣದಣ್ಣನಿಗೆ ಅನಿಸಿತು.

ಮನೆಗೆ ಬಂದು ಕುರ್ಚಿಯಲ್ಲಿ ಕುಸಿದ. ಹೆಂಡತಿ ಅವನ ಮುಖ ನೋಡಿದಳು.

"ಎಷ್ಟು ಜನಕ್ಕೆ ಒಪ್ಕೊಂಡ್ರಿ?"

"ಒಬ್ಬರಿಗೂ ಇಲ್ಲ. ಮೂರು ಜನ ಹಾಗಂದ್ಕೊಂಡಿದ್ದಾರೆ."

"ಯಾರ್ಯಾರು?"

ಅವನು ಹೇಳಿದ. ಅವಳು ಒಂದೊಂದೇ ಬೆರಳು ಮಡಿಸುತ್ತ, "ತಲೆ ಮೇಲಿನ ಸೂರು, ಹೊಟ್ಟೆಗೆ ಅನ್ನ, ಅದನ್ನ ಅಗಿಯೋ ಹಲ್ಲು. ಒಂದನ್ನೂ ಬಿಟ್ಟಿಲ್ಲ ನೀವು," ಎಂದಳು.

ಸಂಜೆ ಸಂಘದ ಸಭಾಂಗಣ ಕಿಕ್ಕಿರಿದಿತ್ತು. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ. ಬಟ್ಟೆ ಕೆನೆಯ ಬಿಳಿ ಎಂದು ಬಣ್ಣದಣ್ಣನ ಕಣ್ಣು ಆ ಸಂಕಟದಲ್ಲೂ ಗುರುತಿಸಿತು. ಅದರ ಮೇಲೆ ಸಾಲಾಗಿ ಗಿಟಾರುಗಳು, ಕೊರಳಿಗೆ ನಂಬರಿನ ಚೀಟಿ ಕಟ್ಟಿಸಿಕೊಂಡು ಮದುಮಕ್ಕಳ ಹಾಗೆ ಮಲಗಿದ್ದವು. "ತೀರ್ಪುಗಾರರು ಬಂದ್ರು, ದಾರಿ ಬಿಡಿ!" ಎಂದು ಯಾರೋ ಕೂಗಿದರು. ಜನ ಎದ್ದು ನಿಂತರು. ಬಣ್ಣದಣ್ಣನ ಎದೆ, ಒಳಗಿನ ಹೆದರಿಕೆಯನ್ನು ಕೇಳದೆ, ತನ್ನ ಪಾಡಿಗೆ ತಾನು ಉಬ್ಬಿತು.

ಮೊದಲು ಸಿಕ್ಕಿದ್ದು ಕಪ್ಪು ಗಿಟಾರು. ಕಂಬದ ಪಕ್ಕದಿಂದ ಮನೆ ಮಾಲೀಕರು ಕಣ್ಣು ಮಿಟುಕಿಸಿದರು. ಆಮೇಲೆ ಹೊತ್ತು ಮುಳುಗುವ ಬಣ್ಣದ್ದು. ಮುಂದಿನ ಸಾಲಿನಿಂದ ಸಾಹುಕಾರರು ಗಂಟಲು ಸರಿಮಾಡಿಕೊಂಡರು. ಆಮೇಲೆ ಕೆಂಪು. ಬಾಗಿಲ ಬಳಿಯಿಂದ ಹಲ್ಲಿನ ಡಾಕ್ಟರು ಅಷ್ಟೂ ಹಲ್ಲು ತೋರಿಸಿದರು. ಉಳಿದವುಗಳಲ್ಲಿ ಒಂದಕ್ಕೆ ಗೊಂಬೆಗಳ ಚಿತ್ರ ಅಂಟಿಸಿತ್ತು, ಒಂದಕ್ಕೆ ತಂತಿಯೇ ಇರಲಿಲ್ಲ, ಒಂದು ಒರೆಸಿ ಒರೆಸಿ ಬಣ್ಣವನ್ನೇ ಕಳೆದುಕೊಂಡಿತ್ತು.

ಬಣ್ಣದಣ್ಣ ಬೆವರೊರೆಸಿಕೊಂಡು ಮೇಜಿನ ತುದಿಗೆ ಬಂದ. ಅಲ್ಲಿ ಗಕ್ಕನೆ ನಿಂತುಬಿಟ್ಟ.

ತುದಿಯಲ್ಲೊಂದು ಗಿಟಾರು ಮರದ ಪೀಠದ ಮೇಲೆ ನಿಂತಿತ್ತು. ಬಣ್ಣ ಬಳಿದದ್ದಲ್ಲ, ಮರದ್ದೇ ಬಣ್ಣ. ಕಾಯಿಸಿದ ಜೇನಿನದು. ಎದೆಯ ಹಲಗೆಯ ಮೇಲೆ ಮರದ ಗೆರೆಗಳು ಬಾಚಿದ ಕೂದಲಿನಂತೆ ಒತ್ತೊತ್ತಾಗಿ, ನೇರವಾಗಿ ಇಳಿದಿದ್ದವು. ನಡುವಿನ ತೂತಿನ ಸುತ್ತ ಮುತ್ತಿನ ಚಿಪ್ಪಿನ ಸಣ್ಣ ಬಳೆ. ಬಗ್ಗಿ ನೋಡಿದರೆ ಹಸಿರು, ಸರಿದು ನೋಡಿದರೆ ಗುಲಾಬಿ. ಸೊಂಟದ ಬಳಿ ಮರ ಬಾಗಿದ್ದ ರೀತಿಗೆ ಎಲ್ಲೂ ಬಲವಂತದ ಗುರುತಿರಲಿಲ್ಲ. ಮರವೇ ಹಾಗೆ ಬಾಗಬೇಕೆಂದು ಆಸೆಪಟ್ಟ ಹಾಗಿತ್ತು. ಜೀವಮಾನವೆಲ್ಲ ಬಣ್ಣ ಬೆರೆಸಿದ ಬಣ್ಣದಣ್ಣನಿಗೆ ಈ ಬಣ್ಣವನ್ನು ತಾನು ಬೆರೆಸಲಾರೆ ಎಂದು ಮೊದಲ ಬಾರಿಗೆ ಅನಿಸಿತು. ಅನಿಸಿ, ಯಾಕೋ ಹೆಮ್ಮೆಯೇ ಆಯಿತು.

ಅದರ ಕೊರಳಲ್ಲಿ ಚೀಟಿ ಇರಲಿಲ್ಲ. ಕಟ್ಟುವುದನ್ನು ಮರೆತಿದ್ದಾರೆ ಎಂದುಕೊಂಡ. ಸುತ್ತ ನೋಡಿದ. ಇದರ ಪರವಾಗಿ ಯಾರೂ ಕಣ್ಣು ಹೊಡೆಯಲಿಲ್ಲ, ಯಾರೂ ಕೆಮ್ಮಲಿಲ್ಲ. ಸೂರಿನ ಹಂಗಿಲ್ಲ, ಅನ್ನದ ಹಂಗಿಲ್ಲ, ಹಲ್ಲಿನ ಹಂಗಿಲ್ಲ. ಹೆದರಿ ಓಡಿದವನ ಕಾಲಿಗೆ ತೊಡರಿದ್ದು ಸತ್ಯವೇ ಆಗಿತ್ತು.

ಮೈಕಿನ ಮುಂದೆ ನಿಂತಾಗ ಅವನ ದನಿ ನಡುಗಲಿಲ್ಲ.

"ಸಭಿಕರೇ, ಬೆಳಿಗ್ಗೆಯಿಂದ ಕೆಲವರು ನನ್ನ ಹತ್ರ ಮಾತಾಡಿದ್ರು. ಯಾರು ಅಂತ ಹೇಳಲ್ಲ. ಅವರ ಮೇಲೆ ನನಗೆ ಗೌರವ ಇದೆ. ಆದ್ರೆ ಈ ಕಣ್ಣು ನನ್ನ ಮಾತು ಕೇಳಲ್ಲ, ಬೇರೆಯವರ ಮಾತು ಎಲ್ಲಿ ಕೇಳುತ್ತೆ? ಇಲ್ಲಿರೋ ಎಲ್ಲಾ ಗಿಟಾರೂ ಚೆಂದ. ಆದ್ರೆ ಒಂದರ ಮುಂದೆ ಉಳಿದವು ಬರೀ ಬಣ್ಣ ಬಳ್ಕೊಂಡ ಪೆಟ್ಟಿಗೆ. ಮೊದಲನೇ ಬಹುಮಾನ, ಆ ತುದೀಲಿರೋ ಜೇನುಬಣ್ಣದ ಗಿಟಾರಿಗೆ!"

ಹೇಳಿ ಮುಗಿಸಿ ತಲೆ ಎತ್ತಿ ನಿಂತ. ಚಪ್ಪಾಳೆ ಬರಲಿಲ್ಲ. ಇಡೀ ಸಭಾಂಗಣ ಬಾಯಿ ತೆರೆದು ಕೂತಿತ್ತು. ಸ್ಟೇಷನ್ ಮಾಸ್ತರರು ಕುರ್ಚಿ ತಳ್ಳಿಕೊಂಡು ಓಡಿ ಬಂದು ಅವನ ಕಿವಿಯಲ್ಲಿ ಪಿಸುಗುಟ್ಟಿದರು. ಮೈಕು ಪಕ್ಕದಲ್ಲೇ ಇದ್ದದ್ದರಿಂದ ಆ ಪಿಸುಮಾತು ಬೀದಿಯ ಕೊನೆಯವರೆಗೂ ಕೇಳಿಸಿತು.

"ಅಯ್ಯೋ ಮಾರಾಯಾ, ಅದು ಸ್ಪರ್ಧೆಗೆ ಬಂದಿದ್ದಲ್ಲ. ಅದೇ ಬಹುಮಾನ!"

ಬಹುಮಾನಕ್ಕೇ ಬಹುಮಾನ ಕೊಟ್ಟುಬಿಟ್ಟಿದ್ದ ಬಣ್ಣದಣ್ಣ.

ಸಭೆ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. "ನನಗೆ ಮಾತು ಕೊಟ್ಟಿದ್ರಲ್ರೀ!" ಎಂದು ಮನೆ ಮಾಲೀಕರು ಕೂಗಿದರು. "ನಿಮಗಾ? ಮಾತು ಕೊಟ್ಟಿದ್ದು ನನಗೆ!" ಎಂದು ಸಾಹುಕಾರರು ಎದ್ದರು. "ನನಗೂ! ಬಾಯಿ ತುಂಬ ಒಪ್ಕೊಂಡಿದ್ರು!" ಎಂದರು ಡಾಕ್ಟರು. ಮೂವರೂ ವೇದಿಕೆಯತ್ತ ಹೊರಟರು. ಬಣ್ಣದಣ್ಣ ಹಿಂದಿನ ಬಾಗಿಲು ಎಲ್ಲಿದೆ ಎಂದು ಹುಡುಕಿದ. ಅದರ ಮುಂದೆ ಕುರ್ಚಿಗಳನ್ನು ಪೇರಿಸಿಟ್ಟಿದ್ದರು.

ಮೆಟ್ಟಿಲ ಬಳಿ ಮನೆ ಮಾಲೀಕರು ತಟ್ಟನೆ ನಿಂತರು. ಸಾಹುಕಾರರ ಮುಖ ನೋಡಿದರು, ಡಾಕ್ಟರ ಮುಖ ನೋಡಿದರು.

"ಅಂದ್ರೆ ನಿಮಗೂ ಬರಲಿಲ್ಲ?"

"ಇಲ್ಲ. ಡಾಕ್ಟ್ರಿಗೂ ಇಲ್ಲ," ಎಂದರು ಸಾಹುಕಾರರು, ಸ್ವಲ್ಪ ಹಗುರಾಗಿ.

"ಯಾರಿಗೂ ಇಲ್ಲ!" ಎಂದರು ಡಾಕ್ಟರು. ಮೂವರ ಮುಖದ ಮೇಲೂ ಒಂದೇ ಬಗೆಯ ತಂಪು ಹರಡಿತು. ತನಗೆ ಬರದಿದ್ದರೆ ಸೈರಿಸಿಕೊಳ್ಳಬಹುದು, ಪಕ್ಕದವನಿಗೆ ಬಂದರೆ ಸೈರಿಸುವುದು ಹೇಗೆ? ಸಾಹುಕಾರರೇ ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಸಭಾಂಗಣವೇ ತಟ್ಟಿತು.

"ನಿಷ್ಪಕ್ಷಪಾತ ಅಂದ್ರೆ ಇದು!" ಎಂದು ಸ್ಟೇಷನ್ ಮಾಸ್ತರರು ಮೈಕು ಹಿಡಿದರು. "ಇವರ ಕಣ್ಣಿಗೆ ಮನೆ ಮಾಲೀಕರೂ ಒಂದೇ, ಸಾಹುಕಾರರೂ ಒಂದೇ. ಬಹುಮಾನದ ಗಿಟಾರು ಈ ಸಭಾಂಗಣದ ಗೋಡೆ ಮೇಲೆ ಇರಲಿ, ಎಲ್ಲರೂ ನೋಡೋಣ. ಮತ್ತೆ ಇವತ್ತಿನಿಂದ ಇವರು ನಮ್ಮ ಸಂಘದ ಕಾಯಂ ತೀರ್ಪುಗಾರರು! ಒಪ್ಪಿಗೆ ತಾನೇ?"

ಚಪ್ಪಾಳೆಯ ಮಳೆಯಲ್ಲಿ ನೆನೆಯುತ್ತಿದ್ದ ಬಣ್ಣದಣ್ಣ, ಮೂರನೆಯ ಸಾಲಿನಲ್ಲಿ ಹೆಂಡತಿ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದುದನ್ನು ಅಭಿನಂದನೆ ಎಂದುಕೊಂಡ. ಅಂಗಿಯ ಗುಂಡಿಗಳು ಕಿತ್ತುಹೋಗುವಷ್ಟು ಎದೆ ಉಬ್ಬಿಸಿ, "ನನ್ನ ಪುಣ್ಯ. ಒಪ್ಪಿದೆ," ಎಂದುಬಿಟ್ಟ.

"ಸಂತೋಷ! ಹಾಗಾದ್ರೆ ಮುಂದಿನ ಭಾನುವಾರದ ಸ್ಪರ್ಧೇನೂ ಈಗಲೇ ಹೇಳಿಬಿಡ್ತೀನಿ. ನಮ್ಮ ಬೀದಿಯ ಅತಿ ಚೆಂದದ ಮಗು!"

ಬಣ್ಣದಣ್ಣನ ಎದೆ ಗಾಳಿ ಬಿಟ್ಟ ಚಕ್ರದ ಹಾಗೆ ಇಳಿಯಿತು. ಮನೆ ಮಾಲೀಕರು ಹತ್ತಿರ ಬಂದು ತಮ್ಮ ಮೊಮ್ಮಗಳಿಗೆ ಈಚೆಗೆ ಕೆನ್ನೆಯಲ್ಲಿ ಗುಳಿ ಬೀಳುತ್ತಿದೆ ಎಂದರು. ಸಾಹುಕಾರರು ಜೇಬಿನಿಂದ ಮಗಳ ಮಗುವಿನ ಫೋಟೋ ಹೊರತೆಗೆದರು. ಡಾಕ್ಟರು ಅವನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದರು.

"ನಮ್ಮದು ಅವಳಿ. ಒಂದು ನಮ್ಮಮ್ಮನ ಮುದ್ದು, ಇನ್ನೊಂದು ನಮ್ಮತ್ತೆ ಮುದ್ದು. ಸ್ವಲ್ಪ ನೋಡಿ ಹೇಳಿ."

ಗಂಡ ಹೆಂಡತಿ ಮನೆಯತ್ತ ಹೊರಟರು. ತಿರುವಿನಲ್ಲಿ ಅವಳು ಕೇಳಿದಳು.

"ಬೆಳಿಗ್ಗೆನೇ ರಾಜೀನಾಮೆ ಬರೆದುಕೊಡ್ತೀರಿ ತಾನೇ?"

"ಬರೆದುಕೊಡ್ತೀನಿ," ಎಂದ ಬಣ್ಣದಣ್ಣ. ಎರಡು ಹೆಜ್ಜೆ ನಡೆದು, ತಡೆಯಲಾರದೆ, "ಕೆಳಗೆ 'ಕಾಯಂ ತೀರ್ಪುಗಾರರು' ಅಂತ ಹಾಕಿ ಸಹಿ ಮಾಡ್ಬೇಕಲ್ವಾ?" ಎಂದ. ಎದೆ ಮತ್ತೆ ಕೊಂಚ ಮೇಲೆದ್ದಿತ್ತು.

ಮನೆಯ ಮೆಟ್ಟಿಲ ಮೇಲೆ ಆಗಲೇ ಇಬ್ಬರು ತಾಯಂದಿರು ಕೂಸುಗಳಿಗೆ ಹೊಸ ಅಂಗಿ ತೊಡಿಸಿ, ತಲೆ ಬಾಚಿ, ಎತ್ತಿಕೊಂಡು ಕಾಯುತ್ತಿದ್ದರು. ಅವನನ್ನು ಕಂಡವರೇ ಇಬ್ಬರೂ ಎದ್ದರು.

"ಅಣ್ಣಾ, ಏನೂ ಹೇಳ್ಬೇಡಿ. ಸುಮ್ನೆ ಒಂದ್ಸಲ ಎತ್ಕೊಳ್ಳಿ."