ಬರುತ್ತೇನೆಂದು ಬಾರದ ಹಿಮ

ಹಿಮದ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಬಿದ್ದರೆ ಬೀಳಲಿ, ಕರಗಿದರೆ ಕರಗಲಿ. ನನ್ನ ತಕರಾರೇನಿದ್ದರೂ ಬೀಳುತ್ತೇನೆಂದು ಊರೆಲ್ಲ ಡಂಗುರ ಹೊಡೆಸಿ ಬೀಳದೆ ಹೋಗುವ ಹಿಮದ ಮೇಲೆ. ಅಮೆರಿಕದ ರಾಲಿಗೆ ಬಂದು ಸಂಸಾರ ಹೂಡಿದ ಮೇಲೆ ಬಿದ್ದ ಹಿಮದಿಂದ ಹಾಳಾದ ದಿನಗಳಿಗಿಂತ ಬೀಳದ ಹಿಮದಿಂದ ಹಾಳಾದ ದಿನಗಳೇ ನನ್ನ ಪಾಲಿಗೆ ಹೆಚ್ಚು. ಗಂಡಿನ ಕಡೆಯವರು ಬರುತ್ತಾರೆಂದು ಮನೆಯೆಲ್ಲ ಸಾರಿಸಿ, ಕೇಸರಿಬಾತು ಮಾಡಿಟ್ಟು, ರೇಷ್ಮೆ ಸೀರೆಯುಟ್ಟು ಕೂತಿರುವಾಗ, ಅವರು ದಾರಿಯಲ್ಲೇ ಬೇರೆ ಹುಡುಗಿಯನ್ನು ಒಪ್ಪಿಕೊಂಡು ವಾಪಸು ಹೋದರಂತೆ ಎಂದು ಸುದ್ದಿ ಬಂದರೆ ಹೇಗಿರುತ್ತದೋ ಹಾಗೆ. ನಮ್ಮ ಹಿಮ ಸಾಮಾನ್ಯವಾಗಿ ದಾರಿಯಲ್ಲಿ ಪಕ್ಕದ ರಾಜ್ಯ ವರ್ಜೀನಿಯಾವನ್ನು ಒಪ್ಪಿಕೊಂಡುಬಿಡುತ್ತದೆ.

ಉತ್ತರದ ರಾಜ್ಯಗಳವರಿಗೆ ಈ ಸಂಕಟ ತಿಳಿಯುವುದಿಲ್ಲ. ಅಲ್ಲಿ ಬರುತ್ತದೆ ಎಂದರೆ ಬರುತ್ತದೆ, ಸಲಿಕೆ ತೆಗೆದುಕೊಂಡು ಬಾಗಿಲ ಹಿಂದೆ ನಿಂತುಕೊಂಡರಾಯಿತು. ನಮ್ಮದು ಅತ್ತ ಉತ್ತರವೂ ಅಲ್ಲದ ಇತ್ತ ಪೂರಾ ದಕ್ಷಿಣವೂ ಅಲ್ಲದ ಊರು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೀರು ಹೆಪ್ಪುಗಟ್ಟುವುದು ಮೂವತ್ತೆರಡಕ್ಕೆ. ನಮ್ಮ ಚಳಿಗಾಲವೋ, ಮೂವತ್ತೆರಡಕ್ಕೂ ಮೂವತ್ತಮೂರಕ್ಕೂ ನಡುವೆ ಜೋಕಾಲಿಯಾಡುತ್ತದೆ. ಒಂದು ಡಿಗ್ರಿ ಆಚೆಗಾದರೆ ಬರೀ ಮಳೆ, ಈಚೆಗಾದರೆ ರಸ್ತೆಯೆಲ್ಲ ಗಾಜು. ಆ ಒಂದು ಡಿಗ್ರಿಯನ್ನು ಹಿಡಿಯಲು ಟಿವಿಯಲ್ಲಿ ಒಬ್ಬ ಹವಾಮಾನದವನಿದ್ದಾನೆ. ಸಾಧಾರಣ ದಿನಗಳಲ್ಲಿ ಕೋಟು ಹಾಕಿಕೊಂಡು ನಗುನಗುತ್ತ ಮಾತಾಡುವ ಈತ, ಪರಿಸ್ಥಿತಿ ಗಂಭೀರವಾದಂತೆ ಮೊದಲು ಕೋಟು ಕಳಚುತ್ತಾನೆ, ಆಮೇಲೆ ತೋಳು ಮಡಚುತ್ತಾನೆ. ಮುನ್ಸೂಚನೆ ಲೆಕ್ಕ ಹಾಕುವ ಅಮೆರಿಕದ ಮಾಡೆಲ್ ಮಂಜುಗಡ್ಡೆ ಅನ್ನುತ್ತದೆ, ಯುರೋಪಿನ ಮಾಡೆಲ್ ಮಳೆ ಅನ್ನುತ್ತದೆ, ಎರಡರ ನಡುವೆ ನಿಂತ ಅವನ ಮುಖ ಅಮ್ಮನಿಗೂ ಹೆಂಡತಿಗೂ ಒಟ್ಟಿಗೆ ಉತ್ತರ ಹೇಳಬೇಕಾದ ಗಂಡಸಿನ ಮುಖದಂತಿರುತ್ತದೆ. ನಾನು ಚಿಕ್ಕವಳಿದ್ದಾಗ ಮೈಸೂರಿನಲ್ಲಿ ರೇಡಿಯೋದವರು ದಕ್ಷಿಣ ಒಳನಾಡಿನ ಒಂದೆರಡು ಕಡೆ ಮಳೆಯಾಗುವ ಸಂಭವವಿದೆ ಎಂದು ಹೇಳಿ ಮುಗಿಸುತ್ತಿದ್ದರು. ಯಾವ ಒಂದು, ಯಾವ ಎರಡು ಎಂದು ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ಅವರ ಮಾತು ಸುಳ್ಳಾದದ್ದೂ ನನಗೆ ನೆನಪಿಲ್ಲ.

ಇಲ್ಲಿ ಅವನು ತೋಳು ಮಡಚಿದ ಕೂಡಲೇ ಅಂಗಡಿಗಳಲ್ಲಿ ಹಾಲು, ಬ್ರೆಡ್ಡು ಖಾಲಿಯಾಗುತ್ತವೆ. ನಮ್ಮ ಇಂಡಿಯನ್ ಸ್ಟೋರಿನಲ್ಲಿ ಮೊಸರಿನ ಬಕೆಟ್ಟು, ಕೊತ್ತಂಬರಿ ಸೊಪ್ಪು, ಇಡ್ಲಿ ಹಿಟ್ಟು ಖಾಲಿಯಾಗುತ್ತವೆ. ಪ್ರಳಯ ಬಂದರೂ ಕನ್ನಡಿಗರು ಮೊಸರನ್ನ ಉಂಡೇ ಮುಳುಗುವವರು. ಅದಾದ ಸ್ವಲ್ಪ ಹೊತ್ತಿಗೆ ಶಾಲೆಯಿಂದ ಫೋನಿಗೆ ಸಂದೇಶ ಬರುತ್ತದೆ: ನಾಳೆ ಶಾಲೆಯಿಲ್ಲ. ಹೊರಗೆ ನೋಡಿದರೆ ನಕ್ಷತ್ರ.

ನನ್ನ ಮಗಳು ಇಳಾ ಮೂರನೇ ಕ್ಲಾಸು. ಗಂಡ ಮುರಳಿ ಸಾಫ್ಟ್‌ವೇರಿನವನು, ಮನೆಯಲ್ಲಿ ಎಲ್ಲಿ ಕೂತರೂ ಅವನ ಆಫೀಸು. ನಾನು ಪಕ್ಕದೂರು ಡರ್ಹಮ್‌ನ ಒಂದು ಲ್ಯಾಬಿನಲ್ಲಿ ಗಾಜಿನ ತಟ್ಟೆಗಳಲ್ಲಿ ಜೀವಕೋಶಗಳನ್ನು ಬೆಳೆಸುವವಳು. ಅವಕ್ಕೆ ಹೊತ್ತುಹೊತ್ತಿಗೆ ಊಟ ಹಾಕಬೇಕು. ಸ್ನೋ ಡೇ ಎಂದರೆ ಅವಕ್ಕೆ ಅರ್ಥವಾಗುವುದಿಲ್ಲ. ಮೊದಲಾದರೆ ಶಾಲೆ ಮುಚ್ಚಿದರೆ ಮಗು ಆಡಿಕೊಳ್ಳುತ್ತಿತ್ತು. ಕೋವಿಡ್ ಬಂದು ಹೋದ ಮೇಲೆ ಆ ಸುಖವೂ ಇಲ್ಲ, ಮುಚ್ಚಿದ ಶಾಲೆ ಕಂಪ್ಯೂಟರಿನೊಳಗಿಂದ ಮನೆಗೇ ಬರುತ್ತದೆ. ಒಮ್ಮೆ ಹೀಗೆ ಬಾರದ ಹಿಮಕ್ಕೆ ರಜ ಕೊಟ್ಟ ದಿನ, ಮುರಳಿ ಊಟದ ಮೇಜಿನ ಒಂದು ತುದಿಯಲ್ಲಿ ತನ್ನ ಮ್ಯಾನೇಜರಿಗೆ ಏನೋ ವಿವರಿಸುತ್ತಿದ್ದಾನೆ, ಇನ್ನೊಂದು ತುದಿಯ ಪರದೆಯಲ್ಲಿ ಇಳಾಳ ಪಿ.ಟಿ. ಮೇಷ್ಟ್ರು ಮಕ್ಕಳಿಗೆ ಕಾಲುಚೀಲ ಉಂಡೆ ಮಾಡಿ ನೆಲದ ಮೇಲಿಟ್ಟು ಹಾರಿ ಎನ್ನುತ್ತಿದ್ದಾರೆ. ಇಳಾ ಹಾರಿದಳು. ಮುರಳಿಯ ಕಾಫಿಯೂ ಹಾರಿತು. ಕಿಟಕಿಯಾಚೆ ಬಿಸಿಲಲ್ಲಿ ಅಳಿಲೊಂದು ಮೈ ಕಾಯಿಸಿಕೊಳ್ಳುತ್ತಿತ್ತು. ಈ ಶಾಲೆಯವರಿಗೆ ಧೈರ್ಯವೆಂಬುದೇ ಇಲ್ಲ, ಯಾರೋ ಒಬ್ಬ ತೋಳು ಮಡಚಿದ ಎಂದು ಊರಿಗೆ ಊರನ್ನೇ ಮನೆಯಲ್ಲಿ ಕೂರಿಸುತ್ತಾರೆ, ನನ್ನ ಕೈಲಿ ಅಧಿಕಾರವಿದ್ದರೆ ತೋರಿಸುತ್ತಿದ್ದೆ ಎಂದು ಅವತ್ತು ಸಿಕ್ಕವರಿಗೆಲ್ಲ ಹೇಳಿದೆ.

ಅದೇ ಚಳಿಗಾಲ, ಜನವರಿಯಲ್ಲಿ ಅಧಿಕಾರ ನನ್ನ ಕೈಗೆ ಬಂತು.

ನಮ್ಮ ಕನ್ನಡ ಕೂಟದ ಸಂಕ್ರಾಂತಿ ಕಾರ್ಯಕ್ರಮ ಶನಿವಾರ ಮಧ್ಯಾಹ್ನಕ್ಕೆ ನಿಗದಿಯಾಗಿತ್ತು. ಒಂದು ಚರ್ಚಿನ ಸಭಾಂಗಣ ಗೊತ್ತು ಮಾಡಿದ್ದೆವು. ಅಡುಗೆ ಜಯಾ ಆಂಟಿಯದು. ಮಗನ ಜೊತೆ ಇಲ್ಲೇ ನೆಲೆಸಿರುವ ಅವರು ನೂರು ಜನಕ್ಕೆ ಬಿಸಿಬೇಳೆಬಾತು ಮಾಡುವುದನ್ನು ನಾವು ಎರಡು ಲೋಟ ಕಾಫಿ ಮಾಡಿದಂತೆ ಮಾಡುತ್ತಾರೆ. ಮಕ್ಕಳದು ಹಸುವನ್ನು ಕಿಚ್ಚು ಹಾಯಿಸುವ ಪುಟ್ಟ ನಾಟಕ; ಇಳಾ ಅದರಲ್ಲಿ ಹಸು. ರಟ್ಟಿನ ಕೊಂಬಿಗೆ ಬಣ್ಣ ಬಳಿದುಕೊಂಡು ವಾರದಿಂದ ಮನೆಯೊಳಗೆ ಅಂಬಾ ಎನ್ನುತ್ತ ಓಡಾಡುತ್ತಿದ್ದಳು. ಹೀಗಿರುವಾಗ ಗುರುವಾರ ಟಿವಿಯವನು ಕೋಟು ಕಳಚಿದ. ಶುಕ್ರವಾರ ಬೆಳಿಗ್ಗೆ ತೋಳು ಮಡಚಿದ. ಕೂಟದ ಅಧ್ಯಕ್ಷರು ತಂಗಿಯ ಮಗಳ ಮದುವೆಗೆಂದು ಬೆಂಗಳೂರಿನಲ್ಲಿದ್ದರು. ನೀವು ಅಲ್ಲೇ ಇದೀರಲ್ಲ, ನೋಡಿ ಡಿಸೈಡ್ ಮಾಡಿಬಿಡಿ ಎಂದು ಅಲ್ಲಿಂದಲೇ ಸಂದೇಶ ಕಳಿಸಿದರು. ನಾನು ಉಪಾಧ್ಯಕ್ಷೆ. ಆ ಹುದ್ದೆ ಒಪ್ಪಿಕೊಳ್ಳುವಾಗ ಸ್ಟೇಜಿನ ಮೇಲೆ ಬೊಕೆ ಕೊಡುವುದಷ್ಟೇ ಕೆಲಸ ಎಂದುಕೊಂಡಿದ್ದೆ.

ಶುಕ್ರವಾರವಿಡೀ ನಾನು ಲ್ಯಾಬಿನಲ್ಲಿ ಜೀವಕೋಶಗಳನ್ನು ನೋಡಲಿಲ್ಲ, ಫೋನಿನಲ್ಲಿ ನಕ್ಷೆ ನೋಡಿದೆ. ನಮ್ಮ ಊರಿನ ಮೇಲೆ ಒಮ್ಮೆ ನೀಲಿ, ಒಮ್ಮೆ ಗುಲಾಬಿ. ಗುಲಾಬಿಯೆಂದರೆ ಬೀಳುವಾಗ ಮಳೆ, ನೆಲ ಮುಟ್ಟಿದಾಗ ಮಂಜುಗಡ್ಡೆ. ನೋಡಲು ಮುದ್ದಾದ ಬಣ್ಣ. ಮನಸ್ಸಿಗೆ ಬರುತ್ತಿದ್ದದ್ದು ಒಂದೇ. ಡರ್ಹಮ್‌ನಿಂದ ಬರುವವರಲ್ಲಿ ನಿಖಿಲ್, ದೀಪಾ ಎಂಬ ಹೊಸ ದಂಪತಿ ಇದ್ದರು, ಅವರದು ಕೈಗೂಸು. ಹೈವೇಯಲ್ಲಿ ಅವರ ಕಾರು ಜಾರಿದರೆ ನಾನು ಯಾರಿಗೆ ಮುಖ ತೋರಿಸಲಿ? ಹಾಗೆಂದು ರದ್ದು ಮಾಡಿ, ನಾಳೆ ಬಿಸಿಲು ಬಂದರೆ? ಧೈರ್ಯವಿಲ್ಲದವರೆಂದು ನಾನು ಬೈದವರೆಲ್ಲ ರಾತ್ರಿ ನಿದ್ದೆಗೆಟ್ಟು ಇದನ್ನೇ ಯೋಚಿಸುತ್ತಾರೇನೋ ಎಂದು ಆಗ ಹೊಳೆಯಿತು. ಹೊಳೆದದ್ದನ್ನು ಬೇಗ ಆರಿಸಿದೆ. ಸಂಜೆ ಕೂಟದ ಗ್ರೂಪಿಗೆ ಬರೆದೆ: ಹವಾಮಾನದ ಕಾರಣ ಕಾರ್ಯಕ್ರಮ ರದ್ದಾಗಿದೆ, ದಯವಿಟ್ಟು ಎಲ್ಲರೂ ಮನೆಯಲ್ಲೇ ಸುರಕ್ಷಿತವಾಗಿರಿ. ಕಳಿಸಿ ತಿರುಗಿದರೆ ಇಳಾ ನಿಂತಿದ್ದಳು, ತಲೆಯ ಮೇಲೆ ಕೊಂಬು.

“ಅಮ್ಮಾ, ಯು ಕ್ಯಾನ್ಸಲ್ಡ್ ಮೈ ಕೌ,” ಎಂದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಅಳಲಿಲ್ಲ.

ಶನಿವಾರ ಬೆಳಿಗ್ಗೆ ಎದ್ದು ಪರದೆ ಸರಿಸಿದರೆ ಆಕಾಶ ತಿಕ್ಕಿ ತೊಳೆದಿಟ್ಟಂತಿತ್ತು. ಕಾಫಿ ಇಳಿಯುವುದರೊಳಗೆ ಗ್ರೂಪಿನಲ್ಲಿ ಚಿತ್ರಗಳು ಶುರುವಾದವು. ಒಬ್ಬರು ತಮ್ಮ ಮನೆ ಮುಂದಿನ ಬಿಸಿಲಿನ ಚಿತ್ರ ಹಾಕಿದರು. ಇನ್ನೊಬ್ಬರು ತೋಳಿಲ್ಲದ ಅಂಗಿ ತೊಟ್ಟ ಮಗನ ಚಿತ್ರ ಹಾಕಿ, ಮಗು ಸುರಕ್ಷಿತವಾಗಿದೆ ಎಂದು ಕೆಳಗೆ ಬರೆದರು. ಆಮೇಲೆ ಡಾಕ್ಟರ್ ಹಿರೇಮಠರ ಫೋನು. ಧಾರವಾಡದವರು, ಇಲ್ಲಿ ಹೃದಯದ ಡಾಕ್ಟರು, ಆದರೆ ಎದುರಿನವರ ಹೃದಯದ ಬಗ್ಗೆ ಮಾತಿನಲ್ಲಿ ಅಷ್ಟೇನೂ ಕಾಳಜಿಯಿಲ್ಲ.

“ವತ್ಸಲಾ ಅವ್ರ, ನಿಮ್ಮ ಐಸ್ ಎಲ್ಲೈತ್ರಿ? ನಾನು ಬಿಸಲಾಗ ನಿಂತು ಫೋನ್ ಮಾಡಾಕತ್ತೀನಿ.”

ಅವರಿಗೆ ಏನು ಹೇಳಿದೆನೋ ನೆನಪಿಲ್ಲ. ಫೋನಿಟ್ಟರೆ ಜಯಾ ಆಂಟಿ. ಹಿಂದಿನ ದಿನವೆಲ್ಲ ಪುಡಿಗೆ ಮಸಾಲೆ ಹುರಿಯುವುದರಲ್ಲಿ ಮುಳುಗಿದ್ದ ಅವರು ನನ್ನ ಸಂದೇಶವನ್ನೇ ನೋಡಿರಲಿಲ್ಲ. “ಬೇಳೆ ಬೆಂದಾಯ್ತು ಕಣಮ್ಮ, ಅಕ್ಕಿನೂ ಬೆಂದಾಯ್ತು. ಈಗ ಕ್ಯಾನ್ಸಲ್ ಅಂದ್ರೆ ಇದನ್ನ ಯಾವ ಸಂಪತ್ತಿಗೆ ಇಡ್ಲಿ?” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೆಡಿಸಿತು. ಹತ್ತು ನಿಮಿಷ ಅತ್ತಿಂದಿತ್ತ ಓಡಾಡಿ, ಚರ್ಚಿನವರಿಗೆ ಹಿಂದಿನ ದಿನವೇ ಬೇಡವೆಂದಿದ್ದರಿಂದ ಕಾರ್ಯಕ್ರಮ ನಮ್ಮ ಮನೆಯಲ್ಲೇ ನಡೆಯುತ್ತದೆ, ಎಲ್ಲರೂ ಬನ್ನಿ ಎಂದು ಗ್ರೂಪಿಗೆ ಬರೆದುಬಿಟ್ಟೆ.

ಹವಾಮಾನದವರು ಎಚ್ಚರಿಕೆಯನ್ನು ಇನ್ನೂ ವಾಪಸು ತೆಗೆದಿಲ್ಲ, ಮಂಜು ಬರುವುದು ಸ್ವಲ್ಪ ತಡವಾಗಿದೆಯಂತೆ ಅಷ್ಟೇ ಎಂದು ಮುರಳಿ ಹೇಳಿದ. “ಅದು ಅವ್ರ ಮರ್ಯಾದೆಗೆ ಇಟ್ಕೊಂಡಿರೋದು. ನೀನು ಸೋಫಾ ಸರಿಸು,” ಎಂದೆ.

ಬಂದರು. ಬರಬೇಕಾದವರಲ್ಲಿ ಮುಕ್ಕಾಲು ಪಾಲು ಬಂದರು. ಚಪ್ಪಲಿ ಬೂಟುಗಳು ಬಾಗಿಲಿನಿಂದ ಗ್ಯಾರೇಜಿನವರೆಗೆ ಹರಡಿದವು. ಎಳ್ಳು ಬೆಲ್ಲ ಬೀರಿದ್ದಾಯಿತು. ಕೆಂಪು ಕಾಗದದ ಬೆಂಕಿಯನ್ನು ಇಳಾ ಹಾಯ್ದಳು, ಹಾಯುವಾಗ ಒಂದು ಕೊಂಬು ಬಿದ್ದು ಹೋಯಿತು, ಚಪ್ಪಾಳೆ ಜೋರಾಯಿತು. ಬಿಸಿಬೇಳೆಬಾತು ಎರಡೆರಡು ಸಲ ಹಾಕಿಸಿಕೊಂಡವರು ಚರ್ಚಿಗಿಂತ ಇದೇ ಚೆನ್ನಾಗಿತ್ತು ಎಂದರು. ನಾನೂ ಉಬ್ಬಿದೆ. ಕತ್ತಲಾಗುವ ಹೊತ್ತಿಗೆ, ಮಗು ಅಳುತ್ತಿದೆಯೆಂದು ನಿಖಿಲ್, ದೀಪಾ ಮೊದಲು ಹೊರಟರು. ಅವರು ಹೋದ ಸ್ವಲ್ಪ ಹೊತ್ತಿಗೆ ಕಿಟಕಿಯ ಗಾಜಿಗೆ ಯಾರೋ ಸಾಸಿವೆ ಎರಚಿದಂತೆ ಸದ್ದಾಯಿತು. ಯಾರೂ ತಲೆ ಎತ್ತಲಿಲ್ಲ.

ಡಾಕ್ಟರ್ ಹಿರೇಮಠರು ಎಲೆಯಡಿಕೆ ಹಾಕಿಕೊಂಡು, ಎಳ್ಳು ಬೆಲ್ಲದ ಪೊಟ್ಟಣ ಹಿಡಿದು, ಕಾರು ಬಿಸಿ ಮಾಡಿಟ್ಟು ಬರುತ್ತೇನೆಂದು ಹೊರಗೆ ಕಾಲಿಟ್ಟರು. ನಮ್ಮ ಮನೆಯ ಮುಂದಿನ ಡ್ರೈವ್‌ವೇ ಇಳಿಜಾರು. ಅವರು ಬೀಳಲಿಲ್ಲ, ಸುಮ್ಮನೆ ಕುಳಿತರು. ಕುಳಿತ ಭಂಗಿಯಲ್ಲೇ, ಬೆನ್ನು ನೆಟ್ಟಗೆ, ಪೊಟ್ಟಣ ಎದೆಗವಚಿಕೊಂಡು, ರಸ್ತೆಯಂಚಿನ ಮೇಲ್‌ಬಾಕ್ಸಿನವರೆಗೆ ಬಹಳ ಗಾಂಭೀರ್ಯದಿಂದ ಜಾರಿಕೊಂಡು ಹೋದರು. ಅಲ್ಲಿಂದ “ಬಂತ್ರಿ ನಿಮ್ಮ ಐಸ್” ಎಂಬ ಮಾತು ಕೇಳಿಸಿತು.

ನಗಬೇಕಾದದ್ದು, ಆದರೆ ನನಗೆ ನಗು ಬರಲಿಲ್ಲ. ನಿಖಿಲನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ದೀಪಾಳಿಗೆ ಮಾಡಿದೆ, ಅವಳೂ ಎತ್ತಲಿಲ್ಲ. ಮುರಳಿ ಮತ್ತೆ ಇಬ್ಬರು ಸೇರಿ ಡಾಕ್ಟರನ್ನು ಹುಲ್ಲಿನ ಮೇಲಿಂದ ನಡೆಸಿ ಒಳಗೆ ತಂದರು, ಎಲ್ಲರೂ ಅವರ ಸುತ್ತ ನೆರೆದರು, ನಾನು ಅಡುಗೆಮನೆಯ ಮೂಲೆಯಲ್ಲಿ ಫೋನ್ ಹಿಡಿದು ನಿಂತೆ. ರದ್ದು ಮಾಡಿದ್ದು ಸರಿಯಿತ್ತು. ಸರಿಯಿದ್ದದ್ದನ್ನು ನಾಲ್ಕು ಬಿಸಿಲಿನ ಚಿತ್ರ ನೋಡಿ ನಾನೇ ಕೆಡಿಸಿದ್ದೆ. ಆ ಮಗುವಿನ ಉಲ್ಲನ್ ಟೋಪಿ ಸೋಫಾದ ಮೇಲೆ ಮರೆತುಹೋಗಿತ್ತು, ಅದನ್ನು ನೋಡಲಾಗದೆ ಡ್ರಾಯರಿನಲ್ಲಿಟ್ಟೆ. ಜಯಾ ಆಂಟಿ ಬಂದು ನನ್ನ ಪಕ್ಕ ನಿಂತರು.

ಕೊನೆಗೆ ದೀಪಾಳೇ ಫೋನ್ ಮಾಡಿದಳು. ಹೈವೇ ಹತ್ತುವ ಏರಿನಲ್ಲಿ ಮುಂದಿನ ಕಾರು ಅಡ್ಡ ತಿರುಗಿದ್ದು ನೋಡಿ ಇವರು ಪಕ್ಕದ ಹೋಟೆಲಿನ ಅಂಗಳಕ್ಕೆ ಹೊರಳಿದ್ದರಂತೆ. ಕೋಣೆ ಸಿಕ್ಕಿದೆ, ಮಗು ಮಲಗಿದೆ, ಫೋನು ಡಯಪರ್ ಬ್ಯಾಗಿನ ಅಡಿಯಲ್ಲಿತ್ತು. “ಸಾರಿ ಅಕ್ಕ, ನೀವು ಗಾಬರಿ ಆಗಿರ್ತೀರ,” ಎಂದಳು. ಸಾರಿ ಕೇಳಬೇಕಾದವಳು ನಾನು. ಟೋಪಿ ಇಲ್ಲೇ ಇದೆ ಎಂದಷ್ಟೇ ಹೇಳಿದೆ.

ಉಳಿದವರೆಲ್ಲ ನಮ್ಮಲ್ಲೇ ಉಳಿದರು. ಕರೆಂಟು ಹೋಯಿತು. ಕಂಬಳಿ ಸಾಲದೆ ನನ್ನ ರೇಷ್ಮೆ ಸೀರೆಗಳೂ ಹೊದಿಕೆಯಾದವು. ಡಾಕ್ಟರ್ ಹಿರೇಮಠರು ಕಾಂಜೀವರಂ ಹೊದ್ದು ಗೊರಕೆ ಹೊಡೆದರು. ಬೆಳಿಗ್ಗೆ ಹಿತ್ತಲಿನ ಪೈನ್ ಮರಗಳು ಗಾಜಿನ ಕವಚ ತೊಟ್ಟು ಬಗ್ಗಿ ನಿಂತಿದ್ದವು, ನೋಡಿದವರೆಲ್ಲ ಫೋಟೋ ತೆಗೆದರು. ಗ್ಯಾಸ್ ಒಲೆಯಿದ್ದುದರಿಂದ ಉಪ್ಪಿಟ್ಟಾಯಿತು. ಮಧ್ಯಾಹ್ನ ಬಿಸಿಲೇರಿ ರಸ್ತೆ ಒದ್ದೆಯಾದ ಮೇಲೆ ಒಬ್ಬೊಬ್ಬರೇ ಹೊರಟರು. ಹೊರಡುವಾಗ ಪ್ರತಿಯೊಬ್ಬರೂ ಹೇಳಿದ್ದು ಒಂದೇ: ನೀವು ಶುಕ್ರವಾರವೇ ಕರೆಕ್ಟಾಗಿ ಹೇಳಿದ್ದಿರಿ, ನಾವೇ ಕೇಳಲಿಲ್ಲ. ಮನೆಗೆ ಕರೆದದ್ದು ಯಾರೆಂಬುದು ಯಾರಿಗೂ ನೆನಪಾಗಲಿಲ್ಲ, ಜಯಾ ಆಂಟಿಯೊಬ್ಬರನ್ನು ಬಿಟ್ಟು. ಅವರು ಖಾಲಿ ಪಾತ್ರೆ ಎತ್ತಿಕೊಂಡು, “ಬೇಡ ಅಂದಿದ್ದೂ ನೀನೇ, ಬನ್ನಿ ಅಂದಿದ್ದೂ ನೀನೇ. ನಿನ್ನ ಮಾತು ತಪ್ಪೋದಾದ್ರೂ ಹೇಗಮ್ಮ,” ಎಂದು ಹೋದರು.

ಅಲ್ಲಿಂದ ನನಗೆ ಹವಾಮಾನ ಬಲ್ಲವಳೆಂಬ ಹೆಸರು ಬಂತು. ಚಳಿಗಾಲ ಬಂತೆಂದರೆ ಕನ್ನಡದವರ ಫೋನು ಶುರುವಾಗುತ್ತದೆ. ನಾನೂ ಬಿಡದೆ ನಕ್ಷೆ ನೋಡುತ್ತೇನೆ, ಗಾಳಿಯ ದಿಕ್ಕು ನೋಡುತ್ತೇನೆ, ಬಿಟ್ಟರೆ ತೋಳೂ ಮಡಚುತ್ತೇನೆ. ಮೊನ್ನೆ ಡಾಕ್ಟರ್ ಹಿರೇಮಠರು ಫೋನ್ ಮಾಡಿದ್ದರು. ಕಿರಿಯ ಮಗಳಿಗೆ ನಾಳೆ ಸಾಲಿ ಇರ್ತದೋ ಇಲ್ಲೋ ಎಂದು ಕೇಳಿದರು. ನಾನು ವಿವರವಾಗಿ ಹೇಳಿದೆ: ಮೇಲಿನ ಗಾಳಿ ಬೆಚ್ಚಗಿದೆ, ಕೆಳಗಿನದು ತಣ್ಣಗಿದೆ, ಪಶ್ಚಿಮದಿಂದ ತೇವ ಬೇಗ ಬಂದರೆ ಮಂಜು, ತಡವಾದರೆ ಮಳೆ, ಎರಡೂ ಆಗದೆಯೂ ಇರಬಹುದು, ಬೆಳಿಗ್ಗೆ ಎದ್ದು ರಸ್ತೆ ನೋಡಿ ತೀರ್ಮಾನ ಮಾಡಿ. ಭಾಳ ಉಪಕಾರ ಆತ್ರಿ ಎಂದರು. ತಾವು ಫೋನು ಕತ್ತರಿಸಿದ್ದೇವೆಂದು ಅವರು ತಿಳಿದಿರಬೇಕು. ಕತ್ತರಿಸಿರಲಿಲ್ಲ. ಏನಂದಳು ಎಂದು ಅವರ ಹೆಂಡತಿ ಕೇಳಿದ್ದು, ಅದಕ್ಕೆ ಅವರು ಹೇಳಿದ್ದು, ಎರಡೂ ನನಗೆ ಸ್ಪಷ್ಟವಾಗಿ ಕೇಳಿಸಿದವು.

“ಆಕೀಗೂ ಏನೂ ಗೊತ್ತಿಲ್ಲ ಬಿಡು. ಆದ್ರ ಭಾಳ ಚಂದ ಹೇಳ್ತಾಳ.”

ನಾನೇ ಮೆಲ್ಲಗೆ ಫೋನು ಕತ್ತರಿಸಿ, ಮತ್ತೆ ನಕ್ಷೆ ತೆರೆದೆ. ಅಷ್ಟರಲ್ಲಿ ಊರಿನ ಬಣ್ಣ ಬದಲಾಗಿತ್ತು.